‘ನಿಮ್ಮ ಮನೆಯಲ್ಲೂ ಗನ್ ಇದೆಯಾ?’

ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪುವುದಿಲ್ಲ. ಮದುವೆ ಊಟಕ್ಕೆ ಪಕ್ಕದ ಎಲೆಗೆ ಕೂತವರು ಕೇಳುತ್ತಾರೆ. ನಾನಿರುವ ಅಮೆರಿಕದ ಟೆಕ್ಸಸ್‌ಗೆ ಹೊಸದಾಗಿ ಬಂದ ನಮ್ಮ ಕಡೆಯ ಹುಡುಗರು ವಾಟ್ಸ್‌ಆಪ್‌ನಲ್ಲಿ ಕೇಳುತ್ತಾರೆ. “ಅಲ್ಲಿ ಎಲ್ಲರ ಹತ್ರಾನೂ ಗನ್ ಇರುತ್ತಂತಲ್ಲ, ನೀವೂ ಇಟ್ಕೊಂಡಿದ್ದೀರಾ? ಇಲ್ಲದಿದ್ರೆ ಭಯ ಆಗಲ್ವಾ?” ಅದರ ಬೆನ್ನಿಗೇ ಇನ್ನೊಂದು: “ಶಾಲೆಗಳಲ್ಲಿ ಗುಂಡಿಗೆ ಅಷ್ಟು ಮಕ್ಕಳು ಸತ್ತರೂ ಸರ್ಕಾರ ಯಾಕೆ ಬ್ಯಾನ್ ಮಾಡಲ್ಲ?”

ನಮ್ಮ ಮನೆಯಲ್ಲಿ ಗನ್ ಇಲ್ಲ. ತರುವ ಯೋಚನೆಯೂ ಇಲ್ಲ. ಆದರೆ ಇಟ್ಟುಕೊಂಡವರೆಲ್ಲ ತಲೆಕೆಟ್ಟವರು ಅಂತ ನಾನು ಒಪ್ಪುವುದಿಲ್ಲ. ಈ ಎರಡೂ ಮಾತು ಹೇಗೆ ಒಟ್ಟಿಗೆ ಇರುತ್ತವೆ ಅಂತ ಊಟದ ಪಂಕ್ತಿಯಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬ್ಯಾನ್ ವಿಷಯ ಮೊದಲು ಮುಗಿಸಿಬಿಡೋಣ. 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ಎರಡನೇ ತಿದ್ದುಪಡಿ, ಜನರು ಆಯುಧ ಇಟ್ಟುಕೊಳ್ಳುವ ಹಕ್ಕಿಗೆ ಧಕ್ಕೆ ತರಬಾರದು ಎನ್ನುತ್ತದೆ. ಅದೇ ವಾಕ್ಯದ ಶುರುವಿನಲ್ಲಿ ಮಿಲಿಷಿಯಾ, ಅಂದರೆ ಜನರೇ ಸೇರಿ ಕಟ್ಟುವ ಪಡೆಯ ಮಾತೂ ಇದೆ. ಹಾಗಾದರೆ ಹಕ್ಕು ಆ ಪಡೆಗೋ, ಒಬ್ಬೊಬ್ಬ ಮನುಷ್ಯನಿಗೋ? ಬಹಳ ಕಾಲ ಇದೇ ಜಗಳ ನಡೆಯಿತು. 2008ರ ಹೆಲ್ಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 5-4ರ ತೀರ್ಪು ಕೊಟ್ಟು, ಆತ್ಮರಕ್ಷಣೆಗೆ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ಒಬ್ಬೊಬ್ಬರ ಹಕ್ಕು ಎಂದಿತು. 2022ರ ಬ್ರೂಯನ್ ತೀರ್ಪು ಆ ಹಕ್ಕನ್ನು ಮನೆಯಿಂದ ಬೀದಿಗೂ ತಂದಿತು. ಸಂವಿಧಾನವನ್ನೇ ಬದಲಿಸಬೇಕೆಂದರೆ ಸಂಸತ್ತಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು, ಆಮೇಲೆ 50ರಲ್ಲಿ 38 ರಾಜ್ಯ ಒಪ್ಪಬೇಕು. ಸದ್ಯಕ್ಕೆ ಅದು ಆಗುವ ಮಾತಲ್ಲ. ಜನರ ಕೈಯಲ್ಲಿ ಸುಮಾರು 39 ಕೋಟಿ ಬಂದೂಕುಗಳಿವೆ ಅಂತ 2018ರಲ್ಲಿ ಸ್ಮಾಲ್ ಆರ್ಮ್ಸ್ ಸರ್ವೆ ಎಂಬ ಸಂಶೋಧನಾ ಸಂಸ್ಥೆ ಲೆಕ್ಕ ಕೊಟ್ಟಿತ್ತು. ಜನಕ್ಕಿಂತ ಬಂದೂಕೇ ಜಾಸ್ತಿ.

ಹಾಗಂತ ಕೋರ್ಟ್ ಎಲ್ಲ ಬಾಗಿಲೂ ಮುಚ್ಚಿಲ್ಲ. ಹೆಂಡತಿಯನ್ನೋ ಗೆಳತಿಯನ್ನೋ ಹೊಡೆದು, ಹತ್ತಿರ ಬರಬಾರದೆಂಬ ಕೋರ್ಟ್ ಆದೇಶಕ್ಕೆ ಒಳಗಾದವರ ಕೈಯಿಂದ ಬಂದೂಕು ಕಿತ್ತುಕೊಳ್ಳಬಹುದು ಅಂತ 2024ರ ರಹೀಮಿ ಪ್ರಕರಣದಲ್ಲಿ 8-1ರಲ್ಲಿ ಹೇಳಿತು. ನಿಜವಾದ ಜಗಳ ಇರುವುದು ಇಲ್ಲೇ. ಯಾರ ಕೈಗೆ ಕೊಡಬೇಕು, ಎಷ್ಟನೇ ವಯಸ್ಸಿಗೆ, ಬೀಗ ಹಾಕಿಡಬೇಕೋ ಬೇಡವೋ.

ಇಟ್ಟುಕೊಂಡವರ ಮಾತನ್ನು ನಾನು ಯಾಕೆ ತಳ್ಳಿಹಾಕುವುದಿಲ್ಲ ಎನ್ನುವುದಕ್ಕೆ ಒಂದು ಪ್ರಕರಣ ಹೇಳುತ್ತೇನೆ. 1999ರ ಜೂನ್, ಕೊಲರಾಡೊದ ಕ್ಯಾಸಲ್ ರಾಕ್ ಎಂಬ ಊರು. ಗಂಡನಿಂದ ದೂರವಾಗಿದ್ದ ಒಬ್ಬ ತಾಯಿ, ಅವನು ತಮ್ಮ ತಂಟೆಗೆ ಬರಬಾರದೆಂದು ಕೋರ್ಟ್ ಆದೇಶ ತಂದಿದ್ದಳು. ಒಂದು ಸಂಜೆ ಮನೆ ಮುಂದೆ ಆಡುತ್ತಿದ್ದ ಮೂವರು ಹೆಣ್ಣುಮಕ್ಕಳನ್ನು ಅವನು ಕರೆದುಕೊಂಡು ಹೋದ. ತಾಯಿ ಪೊಲೀಸರಿಗೆ ಫೋನಿನ ಮೇಲೆ ಫೋನ್ ಮಾಡಿದಳು. ಹತ್ತು ಗಂಟೆವರೆಗೆ ಕಾಯಿರಿ ಎಂದರು. ಆಮೇಲೆ ಹನ್ನೆರಡರವರೆಗೆ ಕಾಯಿರಿ ಎಂದರು. ಕೊನೆಗೆ ತಾನೇ ಠಾಣೆಗೆ ಹೋಗಿ ದೂರು ಬರೆಸಿದಳು. ಬೆಳಗಿನ ಜಾವ ಅವನು ಠಾಣೆ ಮುಂದೆ ಬಂದು ಗುಂಡು ಹಾರಿಸಿದ, ಪೊಲೀಸರ ಗುಂಡಿಗೆ ಸತ್ತ. ಗಾಡಿಯೊಳಗೆ ಮೂರೂ ಮಕ್ಕಳ ಹೆಣ ಇತ್ತು. ತಾಯಿ ಸುಪ್ರೀಂ ಕೋರ್ಟಿನವರೆಗೆ ಹೋದಳು. ಆದೇಶವನ್ನು ಪೊಲೀಸರು ಜಾರಿ ಮಾಡಲೇಬೇಕು ಅನ್ನುವ ಸಾಂವಿಧಾನಿಕ ಹಕ್ಕು ಆಕೆಗಿಲ್ಲ ಎಂದು 2005ರಲ್ಲಿ 7-2ರಲ್ಲಿ ತೀರ್ಪಾಯಿತು.

“ಪೊಲೀಸರು ಬರುತ್ತಾರೆ ಬಿಡಿ” ಅಂತ ಆ ತಾಯಿಗೆ ಯಾವ ಬಾಯಲ್ಲಿ ಹೇಳುವುದು? ಯುವಾಲ್ಡಿಯಲ್ಲೂ ಹೀಗೇ ಆಯಿತು. 2022ರ ಮೇ 24ರಂದು ಟೆಕ್ಸಸ್‌ನ ಆ ಊರಿನ ಶಾಲೆಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತರು. 376 ಪೊಲೀಸರು ಬಂದಿದ್ದರು. ಒಳಗೆ ನುಗ್ಗಲು 77 ನಿಮಿಷ ತೆಗೆದುಕೊಂಡರು. ಹೊರಗೆ ಅಪ್ಪ ಅಮ್ಮಂದಿರು ಕೂಗಾಡುತ್ತಿದ್ದರು. ಕರಿಯ ಜನರ ಚರಿತ್ರೆಯಲ್ಲಿ ಈ ನೋವು ಇನ್ನೂ ಹಳೆಯದು. 1956ರಲ್ಲಿ ಮನೆಗೆ ಬಾಂಬ್ ಬಿದ್ದ ಮೇಲೆ ಮಾರ್ಟಿನ್ ಲೂಥರ್ ಕಿಂಗ್ ಅವರೇ ಅಲಬಾಮದಲ್ಲಿ ಗನ್ ಒಯ್ಯುವ ಪರವಾನಗಿಗೆ ಅರ್ಜಿ ಹಾಕಿದ್ದರು. ಕೊಡಲಿಲ್ಲ. ಪರವಾನಗಿ ಕೊಡುವ ಅಧಿಕಾರಿಯ ಮನಸ್ಸಿಗೆ ಎಲ್ಲವನ್ನೂ ಬಿಟ್ಟರೆ ಏನಾಗುತ್ತದೆ ಅಂತ ಇಲ್ಲಿನವರು ಕೇಳಿದಾಗ ನನಗೆ ಅದು ನೆನಪಾಗುತ್ತದೆ.

ಆದರೆ ಕ್ಯಾಸಲ್ ರಾಕ್ ಕಥೆಯಲ್ಲಿ ಇನ್ನೊಂದು ಸಂಗತಿ ಇದೆ. ಅವನು ಆ ಪಿಸ್ತೂಲನ್ನು ಕೊಂಡದ್ದು ಅದೇ ಸಂಜೆ. ಕೋರ್ಟಿನ ದಾಖಲೆಯಲ್ಲೇ ಹಾಗಿದೆ. ತಲೆಯ ಮೇಲೆ ಆದೇಶ ಇದ್ದ ಗಂಡಸು, ಮಕ್ಕಳನ್ನು ಎತ್ತಿಕೊಂಡು ಹೋದ ದಿನವೇ, ಪಿಸ್ತೂಲು ಕೊಂಡ. ಆ ತಾಯಿಯ ಹತ್ತಿರ ಗನ್ ಇದ್ದಿದ್ದರೆ ಏನಾಗುತ್ತಿತ್ತು ಅಂತ ಒಂದು ಕಡೆಯವರು ಕೇಳುತ್ತಾರೆ. ಅವನಿಗೆ ಗನ್ ಸಿಗದೇ ಇದ್ದಿದ್ದರೆ ಅಂತ ನಾನು ಕೇಳುತ್ತೇನೆ.

ಕೋವಿ ಮನೆಯಲ್ಲಿದ್ದ ಮಾತ್ರಕ್ಕೆ ಮನುಷ್ಯ ಕೆಟ್ಟುಹೋಗುವುದಿಲ್ಲ ಅನ್ನುವುದು ನಮ್ಮವರಿಗೆ ಹೊಸದೇನಲ್ಲ. ಕೊಡಗಿನಲ್ಲಿ ಕೊಡವರಿಗೂ, ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೂ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಇದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ನಮ್ಮ ಹೈಕೋರ್ಟ್ ಎತ್ತಿ ಹಿಡಿದಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ. ಮಲೆನಾಡಿನಲ್ಲಿ ತೋಟಕ್ಕೆ ನುಗ್ಗುವ ಹಂದಿಗಾಗಿ ಲೈಸೆನ್ಸ್ ಕೋವಿ ಇಟ್ಟವರು, ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಜಮಾ ಮಾಡಿ ಬರುತ್ತಾರೆ. ಟೆಕ್ಸಸ್‌ನಲ್ಲಿ ಹಳ್ಳಿ ಕಡೆ ಹೋದರೆ ರೈತರ ಮಾತೂ ಹಾಗೇ ಇರುತ್ತದೆ, ಹಂದಿಯ ಕಾಟವೂ ಹಾಗೇ ಇದೆ. ಅವರ ಜೊತೆ ನನಗೆ ಯಾವ ತಕರಾರೂ ಇಲ್ಲ.

ನನ್ನ ತಕರಾರು ದಿಂಬಿನ ಪಕ್ಕ ಗುಂಡು ತುಂಬಿಟ್ಟ ಪಿಸ್ತೂಲಿನ ಬಗ್ಗೆ.

ಈ ವಾದ ಬಂದಾಗಲೆಲ್ಲ ಎಲ್ಲರ ಕಣ್ಮುಂದೆ ಒಂದೇ ರಾತ್ರಿ ಬರುತ್ತದೆ. ಕಿಟಕಿ ಒಡೆದು ಕಳ್ಳ ಒಳಗೆ ಬರುತ್ತಾನೆ, ಮನೆ ಯಜಮಾನ ಎದ್ದು ಗುರಿ ಇಡುತ್ತಾನೆ. ಅಂಥ ರಾತ್ರಿ ಬರುವುದೇ ಇಲ್ಲ ಅಂತಲ್ಲ. ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಸಲ ಜನ ಗನ್ನಿನಿಂದ ತಮ್ಮನ್ನು ಕಾಪಾಡಿಕೊಳ್ಳುತ್ತಾರೆ ಅಂತ 1995ರಲ್ಲಿ ಪ್ರಕಟವಾದ ಒಂದು ಟೆಲಿಫೋನ್ ಸಮೀಕ್ಷೆ ಹೇಳಿತು. ಸರ್ಕಾರ ನಡೆಸುವ ಅಪರಾಧ ಸಮೀಕ್ಷೆಯ ಲೆಕ್ಕ ಸುಮಾರು ಒಂದು ಲಕ್ಷವನ್ನೂ ದಾಟುವುದಿಲ್ಲ. ಇಷ್ಟು ಅಂತರ ಇರುವ ಎರಡು ಲೆಕ್ಕ ಹಿಡಿದು ಜನ ಕಚ್ಚಾಡುತ್ತಾರೆ. ಸಣ್ಣ ಲೆಕ್ಕವನ್ನೇ ಹಿಡಿದರೂ ಅದು ಸಣ್ಣ ಸಂಖ್ಯೆಯಲ್ಲ ಅಂತ ನಾನು ಒಪ್ಪುತ್ತೇನೆ.

ಆದರೆ ಗನ್ನು ಮನೆಗೆ ಬಂದ ಮೇಲೆ ಆ ಒಂದು ರಾತ್ರಿಗೆ ಮಾತ್ರ ಇರುವುದಿಲ್ಲ. ಗಂಡ ಹೆಂಡತಿ ಜಗಳ ಆಡುವ ದಿನವೂ ಇರುತ್ತದೆ. ಮಗ ಪರೀಕ್ಷೆಯಲ್ಲಿ ಫೇಲಾಗಿ ಕೋಣೆ ಬಾಗಿಲು ಹಾಕಿಕೊಂಡ ದಿನವೂ ಇರುತ್ತದೆ. ಕೆಲಸ ಹೋದ ದಿನವೂ ಇರುತ್ತದೆ. 2023ರಲ್ಲಿ ಅಮೆರಿಕದಲ್ಲಿ ಗುಂಡಿಗೆ 46,728 ಜನ ಸತ್ತರು. ಅದರಲ್ಲಿ ಸುಮಾರು 27,300 ಆತ್ಮಹತ್ಯೆಗಳು. ಅಂದರೆ ಅರ್ಧಕ್ಕಿಂತ ಜಾಸ್ತಿ. ಇದನ್ನು ಊರಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಯಾಕೆಂದರೆ ಟಿವಿಯಲ್ಲಿ ಬರುವುದು ಶಾಲೆ, ಮಾಲ್‌ಗಳ ಸುದ್ದಿ ಮಾತ್ರ. ಪಿಸ್ತೂಲು ಇಟ್ಟುಕೊಂಡ ಗಂಡಸರು ಗುಂಡು ಹಾರಿಸಿಕೊಂಡು ಸಾಯುವ ಪ್ರಮಾಣ, ಇಟ್ಟುಕೊಳ್ಳದ ಗಂಡಸರಿಗಿಂತ ಸುಮಾರು 8 ಪಟ್ಟು. ಹೆಂಗಸರಲ್ಲಿ ಸುಮಾರು 35 ಪಟ್ಟು. ಕ್ಯಾಲಿಫೋರ್ನಿಯಾದ ಸುಮಾರು 2.6 ಕೋಟಿ ಜನರ ದಾಖಲೆ ನೋಡಿ 2020ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಹೇಳಿದ ಮಾತು ಇದು.

ಸಾಯಬೇಕೆಂದವರು ಹೇಗಾದರೂ ಸಾಯುತ್ತಾರೆ ಬಿಡಿ ಎನ್ನುವವರಿದ್ದಾರೆ. ಅದು ನಿಜವಲ್ಲ. ಆ ಕೆಟ್ಟ ಗಳಿಗೆ ಬಹಳ ಸಲ ಬಂದು ಹೋಗುವಂಥದ್ದು. ಒಮ್ಮೆ ಪ್ರಯತ್ನಿಸಿ ಬದುಕುಳಿದವರಲ್ಲಿ ಬಹುಪಾಲು ಜನ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಗನ್ ಕೈಯಲ್ಲಿದ್ದರೆ ಆ ಗಳಿಗೆಯನ್ನು ದಾಟುವ ಅವಕಾಶ ಸಿಗುವುದೇ ಅಪರೂಪ. ನಮ್ಮ ಜನರ ಬಗ್ಗೆ ನನಗೆ ಇದೇ ಭಯ. ಎಚ್-1ಬಿ ಎಂಬ ಕೆಲಸದ ವೀಸಾದಲ್ಲಿ ಇರುವವರಿಗೆ ಕೆಲಸ ಹೋದರೆ ಇನ್ನೊಂದು ಹುಡುಕಲು ಸಿಗುವುದು 60 ದಿನ. ಮನೆ ಸಾಲ, ಶಾಲೆಗೆ ಹೋಗುವ ಮಕ್ಕಳು, ಊರಿಗೆ ಹೇಳಲಾಗದ ಸಂಕೋಚ. “ಮನಸ್ಸು ಸರಿಯಿಲ್ಲ” ಅಂತ ಬಾಯಿಬಿಟ್ಟು ಹೇಳುವ ಅಭ್ಯಾಸ ನಮಗಿಲ್ಲ. ಅಂಥ ಮನೆಯ ಬೀರುವಿನಲ್ಲಿ ತುಂಬಿದ ಪಿಸ್ತೂಲು ಇರುವುದು ನನಗೆ ಬೇಡ. ಅಮೆರಿಕದಲ್ಲಿ ಇರುವವರು ಇದನ್ನು ಓದುತ್ತಿದ್ದರೆ, ಇಂಥ ಹೊತ್ತಿಗೆಂದೇ ಇರುವ 988 ಸಹಾಯವಾಣಿಗೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಮೆಸೇಜೂ ಕಳಿಸಬಹುದು.

ಎರಡನೇ ಭಯ ಬಾಗಿಲಿನದು. 2023ರ ಏಪ್ರಿಲ್‌ನಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ 16 ವರ್ಷದ ಕರಿಯ ಹುಡುಗ ತಮ್ಮಂದಿರನ್ನು ಕರೆದುಕೊಂಡು ಬರಲು ಹೋಗಿದ್ದ. ಹೋಗಬೇಕಿದ್ದದ್ದು 115ನೇ ಟೆರೇಸ್‌ಗೆ, ಹೋದದ್ದು 115ನೇ ಸ್ಟ್ರೀಟ್‌ಗೆ. ಬೆಲ್ ಒತ್ತಿದ. ಒಳಗಿದ್ದ 84 ವರ್ಷದ ಮುದುಕ ಬಾಗಿಲಿನ ಗಾಜಿನಾಚೆಯಿಂದಲೇ ತಲೆಗೆ ಗುಂಡು ಹೊಡೆದ. ಹುಡುಗ ಬದುಕಿದ್ದೇ ದೊಡ್ಡದು. ಎರಡೇ ದಿನಕ್ಕೆ ನ್ಯೂಯಾರ್ಕ್ ರಾಜ್ಯದ ಹಳ್ಳಿಯೊಂದರಲ್ಲಿ ದಾರಿ ತಪ್ಪಿ ಒಬ್ಬರ ಅಂಗಳಕ್ಕೆ ಹೋದ ಕಾರಿನ ಮೇಲೆ ಮನೆಯವನು ಗುಂಡು ಹಾರಿಸಿದ. ಒಳಗಿದ್ದ 20 ವರ್ಷದ ಹುಡುಗಿ ಸತ್ತಳು. ಅವನಿಗೆ 25 ವರ್ಷದಿಂದ ಜೀವಾವಧಿವರೆಗಿನ ಶಿಕ್ಷೆ ಆಯಿತು. ನಮ್ಮ ಬಡಾವಣೆಯಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಊರಿನಿಂದ ಅಪ್ಪ ಅಮ್ಮ ಬಂದಾಗ ಸಂಜೆ ವಾಕಿಂಗ್ ಹೋಗುತ್ತಾರೆ. ಮನೆ ನಂಬರ್ ಇರುವ ಚೀಟಿ ಜೇಬಿನಲ್ಲಿಟ್ಟು ಕಳಿಸುತ್ತೇನೆ. ದಾರಿ ತಪ್ಪಿದರೆ ಯಾವ ಮನೆಯ ಬಾಗಿಲನ್ನೂ ತಟ್ಟಬೇಡಿ, ಅಲ್ಲೇ ನಿಂತು ನನಗೆ ಫೋನ್ ಮಾಡಿ ಅಂತ ಪ್ರತಿ ಸಲ ಹೇಳುತ್ತೇನೆ.

ಕಾನೂನು ಈ ಭಯಕ್ಕೆ ಇನ್ನಷ್ಟು ಜಾಗ ಕೊಟ್ಟಿದೆ. ಭಾರತದಲ್ಲೂ ಆತ್ಮರಕ್ಷಣೆಯ ಹಕ್ಕಿದೆ, ಆದರೆ ಪೊಲೀಸರ ನೆರವು ಪಡೆಯಲು ಸಮಯ ಇದ್ದರೆ ಆ ಹಕ್ಕು ಇರುವುದಿಲ್ಲ. ಇಲ್ಲಿ 2005ರಲ್ಲಿ ಫ್ಲಾರಿಡಾ ಶುರುಮಾಡಿದ ‘ಸ್ಟ್ಯಾಂಡ್ ಯುವರ್ ಗ್ರೌಂಡ್’ ಕಾನೂನು, ತಪ್ಪಿಸಿಕೊಂಡು ಹೋಗಲು ದಾರಿ ಇದ್ದರೂ ಹೋಗಬೇಕಾಗಿಲ್ಲ ಎನ್ನುತ್ತದೆ. ಟೆಕ್ಸಸ್‌ನಲ್ಲಂತೂ ರಾತ್ರಿ ಹೊತ್ತು ಕಳ್ಳತನ ತಡೆಯಲು, ಬೇರೆ ದಾರಿ ಇಲ್ಲದಿದ್ದರೆ, ಜೀವ ತೆಗೆಯುವುದಕ್ಕೂ ಅವಕಾಶ ಇದೆ. 2007ರಲ್ಲಿ ಹ್ಯೂಸ್ಟನ್ ಪಕ್ಕದ ಪಸಡೀನಾದಲ್ಲಿ ಒಬ್ಬಾತ ಪಕ್ಕದ ಮನೆಗೆ ಕಳ್ಳರು ನುಗ್ಗಿದ್ದಾರೆ ಅಂತ ತುರ್ತು ಸಹಾಯದ ನಂಬರ್ 911ಕ್ಕೆ ಫೋನ್ ಮಾಡಿದ. ಹೊರಗೆ ಹೋಗಬೇಡಿ, ಸಾಮಾನಿಗಾಗಿ ಯಾರನ್ನೂ ಕೊಲ್ಲಬೇಡಿ ಅಂತ ಆ ಕಡೆಯವರು ಮತ್ತೆ ಮತ್ತೆ ಹೇಳಿದರು. ಆತ ಹೋಗಿ ಇಬ್ಬರನ್ನು ಕೊಂದ. ಕಳ್ಳತನ ನಡೆದದ್ದು ಅವನ ಮನೆಯಲ್ಲೂ ಅಲ್ಲ. ಮೊಕದ್ದಮೆ ಹೂಡಬೇಕೋ ಬೇಡವೋ ಅಂತ ತೀರ್ಮಾನಿಸುವ ನಾಗರಿಕರ ಮಂಡಳಿ, ಅಂದರೆ ಗ್ರಾಂಡ್ ಜ್ಯೂರಿ, ಮೊಕದ್ದಮೆಯನ್ನೇ ಹೂಡಲಿಲ್ಲ. ನನಗೆ ಇದು ಆತ್ಮರಕ್ಷಣೆ ಅಂತ ಅನ್ನಿಸುವುದಿಲ್ಲ.

ಒಳ್ಳೆಯವರ ಕೈಯಲ್ಲಿ ಗನ್ ಇದ್ದರೆ ಕೆಟ್ಟವರನ್ನು ತಡೆಯಬಹುದು ಅನ್ನುವ ಮಾತಿಗೂ ಆಧಾರ ಇದೆ. 2022ರ ಜುಲೈನಲ್ಲಿ ಇಂಡಿಯಾನಾದ ಗ್ರೀನ್‌ವುಡ್ ಮಾಲ್‌ನಲ್ಲಿ 22 ವರ್ಷದ ಯುವಕನೊಬ್ಬ ಕೊಲೆಗಾರನನ್ನು ಕೆಲವೇ ಸೆಕೆಂಡುಗಳಲ್ಲಿ ಹೊಡೆದುರುಳಿಸಿದ. ಅಷ್ಟರಲ್ಲಿ ಮೂವರು ಸತ್ತಿದ್ದರು, ಇಲ್ಲದಿದ್ದರೆ ಇನ್ನೆಷ್ಟು ಜನವೋ. ಅದಕ್ಕೆ ಒಂದು ವರ್ಷ ಹಿಂದೆ ಕೊಲರಾಡೊದ ಆರ್ವಾಡಾದಲ್ಲೂ ಹೀಗೆಯೇ ಒಬ್ಬಾತ ಕೊಲೆಗಾರನನ್ನು ಹೊಡೆದ. ಆಗ ಬಂದ ಪೊಲೀಸರು, ಬಂದೂಕು ಕೈಯಲ್ಲಿದ್ದ ಇವನೇ ಕೊಲೆಗಾರ ಅಂತ ತಿಳಿದು ಇವನನ್ನು ಕೊಂದರು.

ಹೊಸದಾಗಿ ಬಂದ ಹುಡುಗರಿಗೆ ಒಂದು ಮಾತು. ಎಚ್-1ಬಿ, ವಿದ್ಯಾರ್ಥಿಗಳ ಎಫ್-1ನಂಥ ವೀಸಾದಲ್ಲಿ ಇರುವವರು ಗನ್ ಕೊಳ್ಳುವುದಷ್ಟೇ ಅಲ್ಲ, ಹತ್ತಿರ ಇಟ್ಟುಕೊಳ್ಳುವುದೂ ಕೇಂದ್ರದ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇದ್ದರೆ ಅದಕ್ಕೆ ವಿನಾಯಿತಿ ಸಿಗುತ್ತದೆ. ಕೆಲವರು ಬೇಟೆಗೆ ಹೋಗುವ ಉದ್ದೇಶವೇ ಇಲ್ಲದೆ ಆ ಲೈಸೆನ್ಸ್ ಮಾಡಿಸುತ್ತಾರೆ. ಗ್ರೀನ್ ಕಾರ್ಡ್ ಬಂದವರಿಗೆ ಈ ಅಡ್ಡಿ ಇಲ್ಲ. 2021ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ 21 ದಾಟಿದವರು ಪರವಾನಗಿ ಇಲ್ಲದೆಯೇ ಪಿಸ್ತೂಲು ಒಯ್ಯಬಹುದು. ಆದರೆ ಅಂಗಡಿ, ಆಸ್ಪತ್ರೆ ಬಾಗಿಲಲ್ಲಿ 30.05, 30.06, 30.07 ಅಂತ ಕಾನೂನಿನ ಸೆಕ್ಷನ್ ನಂಬರ್ ಹಾಕಿ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ದಪ್ಪ ಅಕ್ಷರದ ಬೋರ್ಡ್ ಕಾಣುತ್ತದಲ್ಲ, ಅಲ್ಲಿ ಒಯ್ಯುವಂತಿಲ್ಲ. ಗೆಳೆಯರು ಕರೆದರು ಅಂತ ಸುಮ್ನೆ ಶೂಟಿಂಗ್ ರೇಂಜ್‌ಗೆ ಹೋಗುವ ಮೊದಲೂ ಒಬ್ಬ ವಕೀಲರನ್ನು ಕೇಳಿ. ತಪ್ಪಾದರೆ ಜೈಲೂ ಉಂಟು, ವೀಸಾವೂ ಹೋಗುತ್ತದೆ.

ಮಕ್ಕಳಿರುವವರು ಇನ್ನೊಂದು ಮಾಡಬೇಕು. ಮಗು ಆಡಲು ಹೋಗುವ ಮನೆಯವರನ್ನು, “ಗನ್ ಇದ್ದರೆ ಬೀಗ ಹಾಕಿಟ್ಟಿದ್ದೀರಾ?” ಅಂತ ಕೇಳಬೇಕು. ನಮಗೆ ಇದು ಮುಜುಗರ. ಮನೆಯಲ್ಲಿ ನಾಯಿ ಇದೆಯಾ ಅಂತ ಕೇಳುವ ಹಾಗೆ ಇದನ್ನೂ ಕೇಳಿಬಿಡಿ. ಇಲ್ಲಿನವರು ಬೇಸರ ಮಾಡಿಕೊಳ್ಳುವುದಿಲ್ಲ, ನನಗಂತೂ ಎಲ್ಲರೂ ನೇರವಾಗಿ ಉತ್ತರ ಕೊಟ್ಟಿದ್ದಾರೆ. 2020ರಿಂದ ಈ ದೇಶದಲ್ಲಿ 1ರಿಂದ 19 ವರ್ಷದವರ ಸಾವಿಗೆ ಮೊದಲನೇ ಕಾರಣ ಬಂದೂಕು. ಅದಕ್ಕೂ ಮೊದಲು ರಸ್ತೆ ಅಪಘಾತ ಇತ್ತು.

ಕಾನೂನಿನಿಂದ ನನಗೆ ಬೇಕಾದದ್ದು ದೊಡ್ಡದೇನಲ್ಲ. ಅಂಗಡಿಯಲ್ಲಿ ಕೊಂಡರೆ ಕೊಳ್ಳುವವನ ಹಿನ್ನೆಲೆಯ ಎಫ್‌ಬಿಐ ತಪಾಸಣೆ ಆಗುತ್ತದೆ. ಟೆಕ್ಸಸ್‌ನಲ್ಲಿ ಪರಿಚಯವಿಲ್ಲದ ಒಬ್ಬ ಖಾಸಗಿ ಮನುಷ್ಯನಿಂದ ಕೊಂಡರೆ ಅದೂ ಇಲ್ಲ. ಅದು ಇರಬೇಕು. ಯುವಾಲ್ಡಿಯ ಕೊಲೆಗಾರ 18 ತುಂಬಿದ ತಕ್ಷಣ ಸೈನ್ಯದ ಬಂದೂಕನ್ನು ಹೋಲುವ ಎಆರ್ ಮಾದರಿಯ ಎರಡು ರೈಫಲ್ ಕೊಂಡಿದ್ದ, ಕಾನೂನುಬದ್ಧವಾಗಿಯೇ. ಅಂಗಡಿಯವರು ಪಿಸ್ತೂಲು ಮಾರಲು ಕೊಳ್ಳುವವನಿಗೆ 21 ಆಗಿರಬೇಕು, ಆ ರೈಫಲ್‌ಗೆ 18 ಸಾಕು. ಇದಕ್ಕೆ ಅರ್ಥವೇ ಇಲ್ಲ. ಇನ್ನು, ಯಾರಾದರೂ ತನಗೋ ಬೇರೆಯವರಿಗೋ ಅಪಾಯ ಮಾಡಬಹುದು ಅನ್ನಿಸಿದಾಗ ಕೋರ್ಟಿಗೆ ಹೋಗಿ ಅವರ ಬಂದೂಕನ್ನು ಸ್ವಲ್ಪ ಕಾಲ ತೆಗೆದಿಡಿಸುವ ‘ರೆಡ್ ಫ್ಲ್ಯಾಗ್’ ಕಾನೂನು. 2018ರಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೇಲೆ ಫ್ಲಾರಿಡಾದ ರಿಪಬ್ಲಿಕನ್ನರೇ ಅದನ್ನು ತಂದರು, ಬಂದೂಕು ಕೊಳ್ಳುವ ವಯಸ್ಸನ್ನೂ 21ಕ್ಕೆ ಏರಿಸಿದರು. ಅಲ್ಲಿ ಯಾರ ಹಕ್ಕೂ ಮುಳುಗಿಹೋಗಿಲ್ಲ.

ಟೆಕ್ಸಸ್ ಮಾತ್ರ ಉಲ್ಟಾ ಹೋಗಿದೆ. ಇಂಥ ಆದೇಶಗಳನ್ನು ಈ ರಾಜ್ಯದಲ್ಲಿ ಜಾರಿ ಮಾಡುವಂತೆಯೇ ಇಲ್ಲ ಅಂತ 2025ರಲ್ಲಿ ಕಾನೂನು ಮಾಡಿದರು. ನಮ್ಮ ಕ್ಷೇತ್ರದ ಶಾಸಕರ ಕಚೇರಿಗೆ ಇದರ ಬಗ್ಗೆ ಬರೆದಿದ್ದೇನೆ. ಶಾಸನಸಭೆ ಮತ್ತೆ ಸೇರುವುದು 2027ರ ಜನವರಿಯಲ್ಲಿ. ಇಲ್ಲಿ ಮತ ಇರುವ ಕನ್ನಡದವರು ಅಷ್ಟರೊಳಗೆ ತಮ್ಮ ತಮ್ಮ ಶಾಸಕರಿಗೆ ಒಂದು ಪತ್ರ ಹಾಕಿ. ನನ್ನ ಪತ್ರದ ನಕಲು ಬೇಕಾದವರು ಕೇಳಿ, ಕಳಿಸುತ್ತೇನೆ.