ಮೂರು ಲಕ್ಷ ಕಿಲೋಮೀಟರ್ ಓಡಿದ ಗಾಡಿ ಕ್ಯಾರವಾನ್ ಎಳೆಯುತ್ತಾ?

ಎಳೆಯುತ್ತದೆ. ಆದರೆ ಇಷ್ಟು ಕೇಳಿಕೊಂಡು ದುಡ್ಡು ಕಟ್ಟಲು ಹೊರಡಬೇಡಿ.

ಮೆಲ್ಬರ್ನ್‌ನಲ್ಲಿ ಗಣೇಶನ ಹಬ್ಬಕ್ಕೆ ಹೋಗಲಿ, ರಾಜ್ಯೋತ್ಸವಕ್ಕೆ ಹೋಗಲಿ, ಊಟದ ತಟ್ಟೆ ಕೈಗೆ ಬರುವಷ್ಟರಲ್ಲಿ ಯಾರಾದರೂ ಪಕ್ಕಕ್ಕೆ ಬಂದು ಫೋನು ಮುಂದೆ ಹಿಡಿಯುತ್ತಾರೆ. "ಅಣ್ಣಾ, ಪ್ರಾಡೊ ಡೀಸೆಲ್. ಮೂರು ಲಕ್ಷ ಚಿಲ್ಲರೆ ಓಡಿದೆ. ರೇಟು ಚೆನ್ನಾಗಿದೆ. ಕ್ಯಾರವಾನ್ ಎಳೆಯೋಕೆ ತಗೋಬಹುದಾ?" ಪ್ರಾಡೊ ಅಂದರೆ ಟೊಯೊಟಾದ ದೊಡ್ಡ ಫೋರ್ ವೀಲ್ ಡ್ರೈವ್ ಗಾಡಿ. ಕ್ಯಾರವಾನ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆಯುವ ಚಕ್ರದ ಮನೆ. ಕೊರೊನಾ ಕಾಲದಲ್ಲಿ ಆಸ್ಟ್ರೇಲಿಯಾದ ಗಡಿ ಮುಚ್ಚಿತ್ತು. ರಜೆಗೆ ಊರಿಗೆ ಹೋಗುವ ಹಾಗಿರಲಿಲ್ಲ. ಆಗ ನಮ್ಮವರೂ ಕ್ಯಾರವಾನ್ ಕಡೆ ತಿರುಗಿದರು. ಅದು ನನಗೆ ನಿಜಕ್ಕೂ ಸಂತೋಷದ ವಿಷಯ. ಮಕ್ಕಳನ್ನು ಕರೆದುಕೊಂಡು ಈ ದೇಶ ನೋಡಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಆದರೆ ಪ್ರಶ್ನೆ ಕೇಳುವ ರೀತಿ ಮಾತ್ರ ಬದಲಾಗಲೇ ಇಲ್ಲ. ಎಷ್ಟು ಓಡಿದೆ, ಎಷ್ಟು ರೇಟು. ಎರಡೇ ಎರಡು ಸಂಖ್ಯೆ. "ಕ್ಯಾರವಾನ್ ತೂಕ ಎಷ್ಟು?" ಅಂತ ನಾನು ಕೇಳಿದರೆ "ಫ್ಯಾಮಿಲಿ ಸೈಜು ಅಣ್ಣಾ, ಬಂಕ್ ಬೆಡ್ ಇದೆ" ಅನ್ನುತ್ತಾರೆ. ನಾನು ತೂಕ ಕೇಳಿದ್ದು. ಹಾಸಿಗೆ ಎಷ್ಟಿದೆ ಅಂತ ಕೇಳಿರಲಿಲ್ಲ.

ಮೊದಲು ಮೀಟರಿನ ವಿಷಯ ಮುಗಿಸುತ್ತೇನೆ. ಮೂರು ಲಕ್ಷ ಕಿಲೋಮೀಟರ್ ಅಂದರೆ ಭಯ ಬೀಳಬೇಕಾದ್ದಿಲ್ಲ. ಟೊಯೊಟಾದ್ದೇ ಇನ್ನೂ ದೊಡ್ಡ ಗಾಡಿ ಲ್ಯಾಂಡ್ ಕ್ರೂಸರ್ 100 ಸರಣಿಯಲ್ಲಿ ಬರುತ್ತಿದ್ದ 4.2 ಲೀಟರಿನ ಆರು ಸಿಲಿಂಡರ್ ಡೀಸೆಲ್ ಇಂಜಿನ್ನಿಗೆ ಅದು ನಡುವಯಸ್ಸು. ಹೆದ್ದಾರಿಯಲ್ಲಿ ಓಡಿದ ಮೂರು ಲಕ್ಷ ಬೇರೆ, ಶಾಲೆ, ಅಂಗಡಿ ಅಂತ ಇಂಜಿನ್ ಬಿಸಿಯಾಗುವ ಮೊದಲೇ ಆಫ್ ಆಗುತ್ತಾ ಓಡಿದ ಒಂದೂವರೆ ಲಕ್ಷ ಬೇರೆ. ನನಗೆ ಆರಿಸಲು ಬಿಟ್ಟರೆ ಬಿಲ್ಲುಗಳಿರುವ ಮೂರು ಲಕ್ಷದ ಗಾಡಿಯನ್ನೇ ಆರಿಸುತ್ತೇನೆ.

ಬಿಲ್ಲು ಅಂದಾಗ ಸರ್ವಿಸ್ ಪುಸ್ತಕದ ಸೀಲು ಮಾತ್ರ ಸಾಲದು. ಏನು ಬದಲಾಯಿಸಿದರು ಅಂತ ಬರೆದಿರಬೇಕು. 3 ಲೀಟರ್ ಡೀಸೆಲ್ ಪ್ರಾಡೊ ತಗೊಳ್ಳಿ. ಅದರ ಟೈಮಿಂಗ್ ಬೆಲ್ಟನ್ನು ಇಲ್ಲಿ 1,50,000 ಕಿಲೋಮೀಟರಿಗೆ ಒಮ್ಮೆ ಬದಲಾಯಿಸಬೇಕು. ಮೂರು ಲಕ್ಷ ದಾಟಿದ ಗಾಡಿಯಲ್ಲಿ ಅದು ಎರಡು ಸಲ ಆಗಿರಬೇಕು. ಬೆಲ್ಟ್ ತುಂಡಾದರೆ ವಾಲ್ವ್ ಹೋಗಿ ಪಿಸ್ಟನ್ನಿಗೆ ಹೊಡೆಯುತ್ತದೆ, ಇಂಜಿನ್ ಕಥೆ ಮುಗಿಯಿತು. ಅದೇ ಇಂಜಿನ್ನಿನಲ್ಲಿ ಇಂಜೆಕ್ಟರ್ ಕೆಳಗಿನ ತಾಮ್ರದ ಸೀಲುಗಳು ಸೋರುವ ತೊಂದರೆ ಎಲ್ಲ ಮೆಕ್ಯಾನಿಕ್‌ಗಳಿಗೂ ಗೊತ್ತು. ಸೀಲು ಸೋರಿದರೆ ಮಸಿ ಆಯಿಲ್ಲಿಗೆ ಇಳಿಯುತ್ತದೆ. ಅದು ಗಟ್ಟಿಯಾಗಿ ಕೆಳಗೆ ಆಯಿಲ್ ಎಳೆದುಕೊಳ್ಳುವ ಜಾಲರಿಯನ್ನು ಮುಚ್ಚುತ್ತದೆ. ಆಮೇಲೆ ಇಂಜಿನ್ನಿಗೆ ಆಯಿಲ್ಲೇ ಸಿಗುವುದಿಲ್ಲ. ಆದ್ದರಿಂದ ನಾನು ಕೇಳುವುದು ಇಷ್ಟೇ: ಬೆಲ್ಟ್ ಬಿಲ್ ಎಲ್ಲಿ? ಇಂಜೆಕ್ಟರ್ ಬಿಲ್ ಎಲ್ಲಿ? ಎರಡೂ ಇಲ್ಲದಿದ್ದರೆ ಆ ಖರ್ಚನ್ನು ನಿಮ್ಮ ತಲೆ ಮೇಲೆ ಹಾಕಿಕೊಂಡೇ ರೇಟು ಮಾತಾಡಿ.

ಎಳೆಯುವ ಗಾಡಿಯಲ್ಲಿ ಇಂಜಿನ್ನಿಗಿಂತ ನನಗೆ ಹೆಚ್ಚು ಹೆದರಿಕೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನದು. ಭಾರ ಎಳೆದು ಏರು ಹತ್ತುವಾಗ, ಇಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಬಿಟ್ಟುಕೊಳ್ಳುತ್ತದೆ. ಎಣ್ಣೆ ಕುದಿಯುವಷ್ಟು ಬಿಸಿಯಾಗುತ್ತದೆ. ವರ್ಷಗಟ್ಟಲೆ ಟಾಪ್ ಗೇರಿನಲ್ಲೇ ಕ್ಯಾರವಾನ್ ಎಳೆದು, ಎಣ್ಣೆ ಒಮ್ಮೆಯೂ ಬದಲಾಯಿಸದ ಗೇರ್‌ಬಾಕ್ಸ್ ಒಳಗೊಳಗೇ ಸುಟ್ಟಿರುತ್ತದೆ. ಮೀಟರ್ ನೋಡಿದರೆ ಇದು ಗೊತ್ತಾಗಲ್ಲ. ಎಣ್ಣೆ ತೆಗೆಸಿ ಬಣ್ಣ ನೋಡಿ, ವಾಸನೆ ನೋಡಿ. ಸುಟ್ಟ ವಾಸನೆ ಬಂದರೆ ಬಿಟ್ಟು ಬನ್ನಿ. ಗೇರ್‌ಬಾಕ್ಸಿಗೆ ಬೇರೆ ಕೂಲರ್ ಹಾಕಿಸಿದ್ದಾರೆ ಅಂದರೆ ಆ ಮಾಲೀಕರು ಯೋಚನೆ ಮಾಡುವ ಜನ ಅಂತ ನಾನು ಅಂದುಕೊಳ್ಳುತ್ತೇನೆ.

"ರೋಡ್‌ವರ್ದಿ ಸರ್ಟಿಫಿಕೇಟ್ ಕೊಡ್ತಾರಂತೆ" ಅನ್ನುವ ಮಾತು ಇದೆಯಲ್ಲ, ಅದನ್ನು ಕೇಳಿ ಕೇಳಿ ಸಾಕಾಗಿದೆ. ನಮ್ಮ ವಿಕ್ಟೋರಿಯಾ ರಾಜ್ಯದಲ್ಲಿ ಅದು ಬ್ರೇಕು, ಟೈರು, ಸ್ಟೀರಿಂಗು, ದೀಪ, ತುಕ್ಕು ಇಂಥವನ್ನು ನೋಡಿ, ರಸ್ತೆಯಲ್ಲಿ ಓಡಿಸಲು ಸುರಕ್ಷಿತ ಅನ್ನುವ ಕಾಗದ. ಇಂಜಿನ್, ಗೇರ್‌ಬಾಕ್ಸ್ ಎಷ್ಟು ದಿನ ಬಾಳುತ್ತವೆ ಅಂತ ಅದು ಹೇಳುವುದೇ ಇಲ್ಲ. ಜೊತೆಗೆ 2 ಡಾಲರಿಗೆ ಪಿಪಿಎಸ್‌ಆರ್ ಅನ್ನುವ ಸರ್ಕಾರಿ ದಾಖಲೆಯ ತಪಾಸಣೆ ಸಿಗುತ್ತದೆ. ಗಾಡಿ ಮೇಲೆ ಸಾಲ ಇದೆಯಾ, ಕಳವು ಮಾಲಾ, ಅಪಘಾತದಲ್ಲಿ ಗುಜರಿ ಲೆಕ್ಕಕ್ಕೆ ಹೋಗಿತ್ತಾ ಎಲ್ಲ ಗೊತ್ತಾಗುತ್ತದೆ. ಸಾವಿರಾರು ಡಾಲರಿನ ವ್ಯಾಪಾರಕ್ಕೆ ಅಷ್ಟನ್ನೂ ಮಾಡದೆ ಮುಂಗಡ ಕೊಟ್ಟು ಬಂದು ನನ್ನ ಅಭಿಪ್ರಾಯ ಕೇಳುವವರಿಗೆ ಏನು ಹೇಳಲಿ?

ಒಂದು ಸಲದ ಮಾತು ಹೇಳಿಬಿಡುತ್ತೇನೆ. ಪರಿಚಯದ ಹುಡುಗ ಒಬ್ಬ, ಹಾಸನದ ಕಡೆಯವನು, ಎರಡು ಚಿಕ್ಕ ಮಕ್ಕಳು. ನಗರದ ಪಶ್ಚಿಮಕ್ಕೆ ಒಬ್ಬ ವ್ಯಾಪಾರಿಯ ಹತ್ತಿರ ಒಂದು ಪ್ರಾಡೊ ನೋಡಿಟ್ಟಿದ್ದ. ನನ್ನನ್ನೂ ಕರೆದುಕೊಂಡು ಹೋದ. ಗಾಡಿ ಫಳಫಳ ಹೊಳೆಯುತ್ತಿತ್ತು. ಅಡಿಯನ್ನೂ ತೊಳೆದಿದ್ದರು. ನಾನು ಹೋಗಿ ಮೊದಲು ಬಾನೆಟ್ ಮೇಲೆ ಕೈ ಇಟ್ಟೆ. ಬಿಸಿ. ನಾವು ಬರುವ ಹೊತ್ತು ಹೇಳಿಯೇ ಹೋಗಿದ್ದೆವು. "ಈಗ ತಾನೇ ಜಾಗ ಬದಲಾಯಿಸಿ ನಿಲ್ಲಿಸಿದೆ" ಅಂದ ಆತ. ಜಾಗ ಬದಲಾಯಿಸಿದರೆ ಬಾನೆಟ್ ಅಷ್ಟು ಬಿಸಿಯಾಗುತ್ತಾ? ಇಂಜೆಕ್ಟರ್ ಸವೆದ ಡೀಸೆಲ್ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಕಟಕ ಅಂತ ಬಡಿದುಕೊಳ್ಳುತ್ತದೆ. ಬಿಸಿಯಾದ ಮೇಲೆ ಆ ಸದ್ದು ಅಡಗಿಬಿಡುತ್ತದೆ. ಆತ ಯಾಕೆ ಬಿಸಿ ಮಾಡಿದ ಅಂತ ನಾನು ಆಣೆ ಮಾಡಿ ಹೇಳಲಾರೆ. ನಾಳೆ ಬೆಳಿಗ್ಗೆ ಬರುತ್ತೇವೆ, ಮುಟ್ಟಬೇಡಿ ಅಂದೆ.

ಹೊರಡುವ ಮುಂಚೆ ಒಳಗೆ ಕೂತು ನೋಡಿದೆ. "ಈ ಗಾಡಿ ಏನನ್ನೂ ಎಳೆದಿಲ್ಲ, ಬರೀ ಶಾಲೆಗೆ ಹೋಗಿ ಬಂದಿರೋದು" ಅಂತ ಆತ ಹೇಳಿದ್ದ. ಸ್ಟೀರಿಂಗ್ ಪಕ್ಕದ ಪ್ಯಾನೆಲ್ಲಿನಲ್ಲಿ ಒಂದು ತೂತು, ಅದಕ್ಕೆ ಕಪ್ಪು ಬಿರಡೆ. ಕ್ಯಾರವಾನ್ ಬ್ರೇಕ್ ಕಂಟ್ರೋಲರ್ ಗುಂಡಿ ಕೂರುವ ಜಾಗ ಅದು. ಹಿಂದೆ ಕ್ಯಾರವಾನಿಗೆ ಕರೆಂಟು ಕೊಡುವ 12 ಪಿನ್ನಿನ ಪ್ಲಗ್. ಹಿಂದಿನ ಸ್ಪ್ರಿಂಗ್ ಒಳಗೆ ಭಾರಕ್ಕೆ ಅಂತ ಹಾಕುವ ಗಾಳಿ ಚೀಲಗಳು. ಶಾಲೆಗೆ ಮಕ್ಕಳನ್ನು ಬಿಡಲು ಇವೆಲ್ಲ ಯಾರಿಗೂ ಬೇಕಾಗಿಲ್ಲ. ಎಳೆದದ್ದು ತಪ್ಪೇನಲ್ಲ, ಎಳೆಯಲೆಂದೇ ಇರುವ ಗಾಡಿ. ಮುಚ್ಚಿಟ್ಟದ್ದು ತಪ್ಪು. ಇದನ್ನು ಮುಚ್ಚಿಟ್ಟವರು ಗೇರ್‌ಬಾಕ್ಸ್ ಎಣ್ಣೆ ಬಗ್ಗೆ ನಿಜ ಹೇಳುತ್ತಾರೆ ಅಂತ ನಾನು ಹೇಗೆ ನಂಬಲಿ?

ಮಾರನೇ ದಿನ ಹೋಗಲಿಲ್ಲ. ಅವತ್ತು ವಾಪಸ್ ಬರುವ ದಾರಿಯುದ್ದಕ್ಕೂ ಹುಡುಗನಿಗೆ ನನ್ನ ಮೇಲೆ ಸಿಟ್ಟು. "ನಿಮಗೆ ಎಲ್ಲದರಲ್ಲೂ ಹುಳುಕೇ ಕಾಣುತ್ತೆ ಅಣ್ಣಾ. ಹೊಸದು ತಗೊಳ್ಳೋಕೆ ನನ್ನ ಹತ್ತಿರ ದುಡ್ಡಿಲ್ಲ" ಅಂದ. ಆ ಮಾತು ನನಗೆ ನಾಟಿತು. ನಾನು ಹಳೇ ಗಾಡಿಯ ವಿರೋಧಿ ಅಲ್ಲ. ನಾನು ಓಡಿಸುವುದೂ ಹಳೇ ಗಾಡಿಯನ್ನೇ. ದುಡ್ಡು ಇಲ್ಲದವರು ಕ್ಯಾರವಾನ್ ಕನಸು ಬಿಡಬೇಕು ಅಂತ ನಾನು ಯಾವತ್ತೂ ಹೇಳಿಲ್ಲ. ದುಡ್ಡು ಕಡಿಮೆ ಇದ್ದರೆ ಕ್ಯಾರವಾನ್ ಚಿಕ್ಕದು ಮಾಡಿ, ಅಷ್ಟೇ. 1500 ಕಿಲೋದ ಕ್ಯಾಂಪರ್ ಟ್ರೈಲರ್, ಅಂದರೆ ಟೆಂಟು ಬಿಚ್ಚಿಕೊಳ್ಳುವ ಚಿಕ್ಕ ಗಾಡಿ, ಎಳೆಯಲು ಹಳೆಯ ಪ್ರಾಡೊ ಏದುಸಿರು ಬಿಡಬೇಕಿಲ್ಲ. ಮಕ್ಕಳಿಗೆ ಬೇಕಾಗಿರುವುದು ಕೆರೆ ದಡ, ಬೆಂಕಿ, ಕತ್ತಲು. ಒಳಗೆ ವಾಷಿಂಗ್ ಮಷೀನ್ ಇರುವ ಕ್ಯಾರವಾನ್ ಅಲ್ಲ.

ನನ್ನ ಸಿಟ್ಟಿಗೆ ನಿಜವಾದ ಕಾರಣ ಬೇರೆ ಇದೆ. ಎಲ್ಲರೂ ಎಳೆಯುತ್ತಾ ಅಂತ ಕೇಳುತ್ತಾರೆ. ನಿಲ್ಲುತ್ತಾ ಅಂತ ಒಬ್ಬರೂ ಕೇಳಿಲ್ಲ. ಫೋರ್ ವೀಲ್ ಡ್ರೈವ್ ಇದ್ದರೆ ಎಲ್ಲ ಆಯಿತು ಅಂದುಕೊಂಡಿದ್ದಾರೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವುದು ಒದ್ದೆ ಹುಲ್ಲಿನ ಮೇಲೆ, ಮರಳಿನಲ್ಲಿ, ಕೆಸರಿನ ಏರಿನಲ್ಲಿ ಉಪಯೋಗಕ್ಕೆ ಬರುತ್ತದೆ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು. ಹೆದ್ದಾರಿಯಲ್ಲಿ ಎರಡು ಟನ್ ಹಿಂದಿನಿಂದ ದೂಕುತ್ತಿರುವಾಗ ಫೋರ್ ವೀಲ್ ಅನ್ನುವ ಬ್ಯಾಡ್ಜು ನಿಲ್ಲಿಸಲು ಸಹಾಯ ಮಾಡುವುದಿಲ್ಲ.

ಆಸ್ಟ್ರೇಲಿಯಾದ ನಿಯಮ ಸರಳ. 750 ಕಿಲೋ ದಾಟಿದ ಟ್ರೈಲರಿಗೆ ಅದರದೇ ಬ್ರೇಕ್ ಬೇಕು. 2000 ಕಿಲೋ ದಾಟಿದರೆ ಅದರ ಎಲ್ಲ ಚಕ್ರಕ್ಕೂ ಬ್ರೇಕ್ ಬೇಕು, ಜೊತೆಗೆ ಕೊಂಡಿ ಕಳಚಿದರೆ ತಾನಾಗಿ ಹಿಡಿಯುವ ವ್ಯವಸ್ಥೆಯೂ ಬೇಕು. ಕ್ಯಾರವಾನಿನ ಎಲೆಕ್ಟ್ರಿಕ್ ಬ್ರೇಕ್ ಕೆಲಸ ಮಾಡಲು ಕಾರಿನೊಳಗೆ ಕಂಟ್ರೋಲರ್ ಇರಬೇಕು. ಅದೇ ಆ ಚಿಕ್ಕ ಗುಂಡಿ. ಕ್ಯಾರವಾನ್ ಹಾವಿನ ಹಾಗೆ ಆ ಕಡೆ ಈ ಕಡೆ ಆಡಲು ಶುರುವಾದರೆ ಕಾರಿನ ಬ್ರೇಕ್ ಒತ್ತಬೇಡಿ. ಸ್ಟೀರಿಂಗ್ ತಿರುಗಿಸಿ ಸರಿ ಮಾಡಲು ಹೋಗಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಆ ಗುಂಡಿಯಿಂದ ಕ್ಯಾರವಾನ್ ಬ್ರೇಕ್ ಮಾತ್ರ ಹಿಡಿಯಿರಿ. ಅದು ಹಿಂದಕ್ಕೆ ಜಗ್ಗಿ ನೇರವಾಗುತ್ತದೆ. ಇದನ್ನು ಹೊರಡುವ ಮುಂಚೆಯೇ, ಖಾಲಿ ಜಾಗದಲ್ಲಿ, ಕೈಗೆ ಅಭ್ಯಾಸ ಮಾಡಿಕೊಳ್ಳಬೇಕು.

ಈ ಹಾವಿನಾಟ ಶುರುವಾಗುವುದೇ ಭಾರ ಕೂರಿಸಿದ ರೀತಿಯಿಂದ. ಊರಲ್ಲಿ ಗಾಡಿ ಹೂಡಿದವರಿಗೆ ಇದು ಗೊತ್ತು. ಹಿಂಭಾರ ಆದರೆ ಮೂಕಿ ಮೇಲೇಳುತ್ತದೆ, ಮುಂಭಾರ ಆದರೆ ಎತ್ತಿನ ಹೆಗಲು ಕುಸಿಯುತ್ತದೆ. ಕ್ಯಾರವಾನಿಗೂ ಅದೇ ಲೆಕ್ಕ. ಒಟ್ಟು ತೂಕದ ಸುಮಾರು ಹತ್ತನೇ ಒಂದು ಭಾಗ ಕಾರಿನ ಹಿಂದಿನ ಕೊಂಡಿಯ ಗುಂಡು, ಅಂದರೆ ಟೋ ಬಾಲ್ ಮೇಲೆ ಕೂರಬೇಕು. ಆದರೆ ಆ ಮುಂಭಾರ ಕಾರು ಹೊರುವ ಭಾರದ ಲೆಕ್ಕಕ್ಕೇ ಸೇರುತ್ತದೆ. ಲ್ಯಾಂಡ್ ಕ್ರೂಸರ್ 200 ಎಳೆಯಬಹುದಾದ್ದು 3500 ಕಿಲೋ. ಕಾರಿನ ಒಟ್ಟು ತೂಕದ ಮಿತಿ 3350. ಅದರ ಸ್ವಂತ ತೂಕವೇ ಹೆಚ್ಚುಕಡಿಮೆ 2700. ಅಲ್ಲಿಗೆ ಉಳಿದದ್ದು ಸುಮಾರು 650. ಅದರಲ್ಲಿ 350 ಕಿಲೋ ಟೋ ಬಾಲ್ ಮೇಲೆ ಕೂತರೆ ಮಿಕ್ಕದ್ದು 300. ಅದರಲ್ಲಿ ಗಂಡ, ಹೆಂಡತಿ, ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ, ಕಾರಿನ ಮುಂದೆ ಕಟ್ಟುವ ಲೋಹದ ಬುಲ್ ಬಾರ್, ಫ್ರಿಜ್ಜು, ಅಕ್ಕಿ ಬೇಳೆ. ಲೆಕ್ಕ ಕೂಡುತ್ತಾ? ಇಷ್ಟು ದೊಡ್ಡ ಗಾಡಿಯ ಗತಿಯೇ ಹೀಗೆ. ಮಿತ್ಸುಬಿಷಿ ಪಜೆರೊ 3000 ಕಿಲೋ ಎಳೆಯುತ್ತೆ ಅಂತ ಜಾಹೀರಾತಿನಲ್ಲಿರುತ್ತದೆ. 2500 ದಾಟಿದರೆ ಅದರ ಟೋ ಬಾಲ್ ಮಿತಿ 250 ಕಿಲೋದಿಂದ 180ಕ್ಕೆ ಇಳಿಯುತ್ತದೆ ಅನ್ನುವುದು ಜಾಹೀರಾತಿನಲ್ಲಿ ಕಾಣಿಸುವುದಿಲ್ಲ. 120 ಸರಣಿಯ ಹಳೇ ಪ್ರಾಡೊ ಮಿತಿ 2500. ನಿಮ್ಮ "ಫ್ಯಾಮಿಲಿ ಸೈಜಿ"ಗೆ ನೀರಿನ ಟ್ಯಾಂಕ್ ತುಂಬಿ, ಗ್ಯಾಸ್ ಇಟ್ಟು, ಬ್ಯಾಟರಿ ಹಾಕಿ, ಪಾತ್ರೆ ಪಗಡ ಜೋಡಿಸಿದರೆ ಆ ಮಿತಿ ದಾಟುವುದು ಕಷ್ಟವೇನಲ್ಲ. ಒಂದು ಲೀಟರ್ ನೀರು ಒಂದು ಕಿಲೋ. ಅನುಮಾನ ಇದ್ದರೆ ಎಲ್ಲ ತುಂಬಿಕೊಂಡು ವೇಬ್ರಿಡ್ಜಿಗೆ ಹೋಗಿ ತೂಗಿಸಿ.

ಇಳಿಜಾರಿನ ಮಾತು ಇನ್ನೂ ಇದೆ. ವಿಕ್ಟೋರಿಯಾದ ಹೋಥಮ್ ಬೆಟ್ಟದಿಂದ ಹ್ಯಾರಿಯಟ್‌ವಿಲ್ ಕಡೆ ಇಳಿಯುವ ಗ್ರೇಟ್ ಆಲ್ಪೈನ್ ರಸ್ತೆ, ನ್ಯೂ ಸೌತ್ ವೇಲ್ಸಿನ ಬ್ರೌನ್ ಮೌಂಟನ್, ಇಂಥ ಕಡೆ ಬ್ರೇಕ್ ಮೇಲೇ ಕಾಲಿಟ್ಟು ಇಳಿದರೆ ಅರ್ಧ ದಾರಿಯಲ್ಲಿ ಬ್ರೇಕ್ ಕಾದು ಹಿಡಿಯುವುದೇ ಇಲ್ಲ. ಚಾರ್ಮಾಡಿ ಘಾಟಿಯಲ್ಲಿ ಲಾರಿ ಓಡಿಸುವವರು ಹತ್ತಿದ ಗೇರಿನಲ್ಲೇ ಇಳಿಯುತ್ತಾರೆ. ನಾವೂ ಹಾಗೇ ಇಳಿಯಬೇಕು, ಇಳಿಜಾರು ಶುರುವಾಗುವ ಮೊದಲೇ ಗೇರ್ ಇಳಿಸಿ. ಹೆದ್ದಾರಿಯಲ್ಲಿ 80ರ ಬದಲು 100ರಲ್ಲಿ ಹೋದರೆ ಬ್ರೇಕು ತಡೆಯಬೇಕಾದ ಶಕ್ತಿ ಒಂದೂವರೆ ಪಟ್ಟಿಗಿಂತ ಜಾಸ್ತಿ. ಇಷ್ಟೆಲ್ಲ ಇದ್ದೂ, ಇಲ್ಲಿ ಸಾಮಾನ್ಯ ಕಾರ್ ಲೈಸೆನ್ಸ್ ಇದ್ದವರು ಮೂರು ಟನ್ ಕ್ಯಾರವಾನ್ ಕಟ್ಟಿಕೊಂಡು ಹೊರಡಬಹುದು. ಯಾರೂ ಪರೀಕ್ಷೆ ಮಾಡಲ್ಲ. ಎಳೆಯುವುದನ್ನು ಕಲಿಸುವ ಒಂದು ದಿನದ ತರಬೇತಿಗಳು ಸಿಗುತ್ತವೆ. ಬುಲ್ ಬಾರಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ತೆಗೆದು ಗಂಡ ಹೆಂಡತಿ ಇಬ್ಬರೂ ಹೋಗಿ. ಇಬ್ಬರೂ ಅಂತ ಒತ್ತಿ ಹೇಳುತ್ತಿದ್ದೇನೆ. ದಾರಿಯಲ್ಲಿ ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಓಡಿಸಬೇಕು ತಾನೆ?

ಹಾಗಾಗಿ ಮುಂದಿನ ಸಲ ನನಗೆ ಕಾರಿನ ಜಾಹೀರಾತು ಕಳಿಸಬೇಡಿ. ಕ್ಯಾರವಾನ್ ತೂಕದ ಪ್ಲೇಟಿನ ಫೋಟೋ ಕಳಿಸಿ. ಮನೆಯಲ್ಲಿ ಎಷ್ಟು ಜನ ಹೊರಡುತ್ತೀರಿ, ಬೆಟ್ಟದ ಕಡೆಯಾ ಸಮುದ್ರದ ಕಡೆಯಾ, ಅದನ್ನೂ ಬರೆಯಿರಿ. ಮರಳಿನಲ್ಲಿ ಓಡಿಸುವ ಆಸೆ ಇದ್ದರೆ ಉಪ್ಪಿನಿಂದ ಚಾಸಿಸ್ ತುಕ್ಕು ಹಿಡಿಯುವ ಕಥೆ ಬೇರೆ ಹೇಳಬೇಕು. ತೂಕ ಗೊತ್ತಾದ ಮೇಲೆ ಯಾವ ಗಾಡಿ ನೋಡಬೇಕು ಅನ್ನುವುದು ಹತ್ತು ನಿಮಿಷದ ಮಾತು. ನೋಡಲು ನಾನೇ ಜೊತೆಗೆ ಬರುತ್ತೇನೆ. ಬೆಳಿಗ್ಗೆ ಬೇಗ ಹೊತ್ತು ಗೊತ್ತು ಮಾಡಿ, ನಾವು ಬರುವ ತನಕ ಇಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ ಮಾರುವವರಿಗೆ ಹಿಂದಿನ ದಿನವೇ ಹೇಳಿಡಿ.