ಗ್ರಿಲ್ ಲಾಗ್ 4: ಮುಚ್ಚಳ ಕೊನೆಗೂ ಕೂತಿತು

ಕೂತಿತು! ನಾನೇ ಬೆಸೆದು ಕಟ್ಟುತ್ತಿರುವ ಇದ್ದಿಲು ಗ್ರಿಲ್‌ನಲ್ಲಿ ನಿನ್ನೆ ರಾತ್ರಿ ಮೂರು ಗಂಟೆ ಹೊತ್ತು ಕೆಂಡ ಉರಿಸಿದೆ. ಮುಚ್ಚಳ ಮೊದಲಿಂದ ಕೊನೆಯವರೆಗೂ ಅಲ್ಲಾಡದೆ ಕೂತೇ ಇತ್ತು. ಇದೇನು ದೊಡ್ಡ ಸಾಧನೆ, ಮುಚ್ಚಳ ಅಂದಮೇಲೆ ಮುಚ್ಚಲೇಬೇಕಲ್ವಾ ಅಂತ ಮನೆಯಲ್ಲಿ ಕೇಳಿದರು. ಅವರಿಗೆ ಉತ್ತರ ಕೊಡಲಿಲ್ಲ. ನಿಮಗೆ ಕೊಡುತ್ತೇನೆ, ನಿಮಗಾದರೆ ಅರ್ಥವಾಗುತ್ತದೆ.

ಪೆಟ್ಟಿಗೆ ಕತ್ತರಿಸಿದ್ದು, ಟ್ಯಾಕ್ (ತಾತ್ಕಾಲಿಕವಾಗಿ ಹಿಡಿದಿಡುವ ಚುಕ್ಕಿ ಬೆಸುಗೆ) ಹಾಕಿದ್ದು, ಸ್ಟ್ಯಾಂಡ್ ನಿಲ್ಲಿಸಿದ್ದು, ಇವನ್ನೆಲ್ಲ ಬಿಡುತ್ತೇನೆ. ಎಲ್ಲರೂ ಮಾಡುವುದೇ. ಅಳತೆ ಮಾತ್ರ ನೆನಪಿಸುತ್ತೇನೆ. ಕೆಂಡದ ಪೆಟ್ಟಿಗೆ 900 ಮಿ.ಮೀ. ಉದ್ದ, 500 ಅಗಲ, 300 ಆಳ. ಗೋಡೆ, ತಳ ಎರಡೂ 6 ಮಿ.ಮೀ. ಕಬ್ಬಿಣದ ಪ್ಲೇಟು. ಮುಚ್ಚಳ 4 ಮಿ.ಮೀ. ಗ್ರಿಲ್ ಸರಳುಗಳು 10 ಮಿ.ಮೀ. ಮುಚ್ಚಳದ ಅಂಚು 15 ಮಿ.ಮೀ. ಕೆಳಗಿಳಿದು ಪೆಟ್ಟಿಗೆಯ ಗೋಡೆಯನ್ನು ಹೊರಗಿನಿಂದ ತಬ್ಬಿಕೊಳ್ಳುತ್ತದೆ, ಡಬ್ಬಿಯ ಮುಚ್ಚಳದ ಹಾಗೆ. ಈ ಕೊನೆಯ ಮಾತು ನೆನಪಿಟ್ಟುಕೊಳ್ಳಿ. ನನ್ನ ಒಂದು ತಿಂಗಳು ತಿಂದದ್ದು ಅದೇ.

ಸಮಸ್ಯೆ ಹೇಳಲು ತುಂಬಾ ಸುಲಭ. ತಣ್ಣಗಿದ್ದಾಗ ಮುಚ್ಚಳ ಬೆಣ್ಣೆಯ ಹಾಗೆ ಜಾರಿ ಕೂರುತ್ತಿತ್ತು. ಬೆಂಕಿ ಹಾಕಿ ಅರ್ಧ ಗಂಟೆಗೆ ಮುಂದಿನ ಅಂಚು ಎದ್ದು ನಿಲ್ಲುತ್ತಿತ್ತು. ಕೈಗವಸು ಹಾಕಿಕೊಂಡು ಸ್ಟೀಲ್ ಸ್ಕೇಲ್ ತೂರಿಸಿ ನೋಡಿದರೆ 7 ಮಿ.ಮೀ. ಸಂದು. ಅಷ್ಟು ಸಂದು ಇದ್ದರೆ ಕೆಳಗಿನ ಗಾಳಿಕಂಡಿ ಪೂರ್ತಿ ಮುಚ್ಚಿದರೂ ಒಂದೇ. ಕೆಂಡಕ್ಕೆ ಬೇಕಾದ ಗಾಳಿ ಮೇಲಿನಿಂದಲೇ ಸಿಗುತ್ತದೆ. 120 ಡಿಗ್ರಿಯಲ್ಲಿ ನಿಲ್ಲಿಸಬೇಕು ಅಂದುಕೊಂಡರೆ ಮುಚ್ಚಳದ ಥರ್ಮಾಮೀಟರಿನ ಮುಳ್ಳು 260 ದಾಟಿ ಹೋಗುತ್ತಿತ್ತು.

ಮುಚ್ಚಳ ಏಳುತ್ತಿದೆ, ಹಾಗಾದರೆ ತಪ್ಪು ಮುಚ್ಚಳದ್ದೇ ಅಂದುಕೊಂಡೆ. ಬುದ್ಧಿವಂತಿಕೆ ನೋಡಿ! ಮೊದಲನೇ ವಾರ ಕೀಲು ಕಿತ್ತು ಮತ್ತೆ ಕೂರಿಸಿದೆ. ಎರಡನೇ ವಾರ ಸಂದು ಮುಚ್ಚಲು ಬಿಸಿ ತಡೆಯುವ ಫೈಬರ್ ಗ್ಲಾಸ್ ಹಗ್ಗ ತಂದು ಒಳ ಅಂಚಿಗೆ ಅಂಟಿಸಿದೆ. ಹಗ್ಗ ಸಂದಿಗೆ ತೂರಿದ ಮೇಲೆ ಮುಚ್ಚಳ ಇನ್ನೂ ಮೇಲೆ ನಿಂತಿತು. ಹಗ್ಗ ಕಿತ್ತೆ. ಅಂಟು ಮಾತ್ರ ಕಿತ್ತು ಬರಲಿಲ್ಲ. ಈಗಲೂ ಅಲ್ಲೇ ಇದೆ, ನನ್ನನ್ನೇ ನೋಡಿ ನಗುತ್ತಿದೆ.

ಇಲ್ಲಿ ಸಾಮಾನು ಕೊಡುವವರ ಬಗ್ಗೆ ಎರಡು ಮಾತು. 6 ಮಿ.ಮೀ. ಪ್ಲೇಟು ಅಂತ ಹೇಳಿ ತಂದ ತುಂಡುಗಳಲ್ಲಿ ಒಂದು, ದಪ್ಪ ಅಳೆಯುವ ವರ್ನಿಯರ್‌ಗೆ 5.2 ತೋರಿಸಿತು. ಕೇಳಿದರೆ, "ಪೇಂಟ್ ಹೊಡೆದ ಮೇಲೆ ಸರಿಯಾಗುತ್ತೆ" ಅಂದರು. ಒಂದು ಚದರ ಮೀಟರ್ 6 ಮಿ.ಮೀ. ಪ್ಲೇಟು ಸುಮಾರು 47 ಕಿಲೋ ತೂಗಬೇಕು. ತೂಕ ಮಾಡಿಸಿಯೇ ತನ್ನಿ, ವಾದ ಮಾಡುವ ಕಷ್ಟ ತಪ್ಪುತ್ತದೆ. ಇನ್ನೊಬ್ಬರು ಸಾದಾ ಜಾಲರಿ ಕೇಳಿದರೆ ಸತುವಿನ ಲೇಪನದ್ದು ಕಟ್ಟಿ ಕಳಿಸಿದ್ದರು. "ಇದು ತುಕ್ಕು ಹಿಡಿಯಲ್ಲ, ಇನ್ನೂ ಒಳ್ಳೇದು" ಅಂತ ಬೇರೆ ಉಪಕಾರದ ಮಾತು. ಸತು 420 ಡಿಗ್ರಿಗೇ ಕರಗುತ್ತದೆ. 907ಕ್ಕೆ ಕುದಿಯುತ್ತದೆ. ವೆಲ್ಡಿಂಗ್ ಆರ್ಕ್ ಮುಟ್ಟಿದರೆ ಬಿಳಿ ಹೊಗೆ ಏಳುತ್ತದೆ, ಅದನ್ನು ಉಸಿರಿಗೆ ಎಳೆದವನಿಗೆ ರಾತ್ರಿ ಚಳಿಜ್ವರ. ಕೆಂಡದ ಹತ್ತಿರವಂತೂ ಅದು ಬೇಡವೇ ಬೇಡ. ಆ ಜಾಲರಿ ಈಗ ಮರಳು ಜರಡಿಯಾಗಿದೆ.

ಮೂರನೇ ವಾರ ಒಂದು ಸುಳಿವು ಸಿಕ್ಕಿತು. ನಿಜ ಹೇಳಬೇಕೆಂದರೆ ಅದು ಮೊದಲ ದಿನದಿಂದಲೂ ಕಣ್ಣ ಮುಂದೆಯೇ ಇತ್ತು. ಬೆಂಕಿ ಹತ್ತಿ ಸ್ವಲ್ಪ ಹೊತ್ತಿಗೆ ಕೆಂಡಗಳು ನಡುವಿನಿಂದ ಅಂಚಿಗೆ ಉರುಳುತ್ತಿದ್ದವು. ನಾನು ಸ್ಟ್ಯಾಂಡ್ ಮಟ್ಟ ಇಲ್ಲ ಅಂದುಕೊಂಡು ಕಾಲಿನ ಕೆಳಗೆ ತಗಡಿನ ಚೂರು ಇಡುತ್ತಿದ್ದೆ. ಆದರೆ ನೆಲ ವಾಲಿದ್ದರೆ ಒಂದು ಕಡೆಗೆ ಉರುಳಬೇಕು ಅಲ್ವಾ? ಇವು ನಾಲ್ಕೂ ಕಡೆಗೆ ಉರುಳುತ್ತಿದ್ದವು. ಕೊನೆಗೆ ಕೆಂಡವನ್ನು ಪಕ್ಕಕ್ಕೆ ಎಳೆದು, ನೇರ ಪಟ್ಟಿಯೊಂದನ್ನು ತಳದ ಮೇಲೆ ಅಡ್ಡ ಹಿಡಿದೆ. ತಳ ಆಮೆಯ ಬೆನ್ನಿನ ಹಾಗೆ ಉಬ್ಬಿತ್ತು. ನಡುವೆ 22 ಮಿ.ಮೀ. ಎತ್ತರ!

ಆಮೇಲೆ ಕಾಗದ ಪೆನ್ಸಿಲ್ ಹಿಡಿದು ಕೂತೆ. ಈ ಕೆಲಸ ಮೊದಲ ದಿನ ಮಾಡಿದ್ದರೆ ಈ ಲಾಗ್‌ಗೆ ನಂಬರ್ 4 ಬರುತ್ತಿರಲಿಲ್ಲ. ಸಾದಾ ಕಬ್ಬಿಣ ಒಂದು ಮೀಟರಿಗೆ, ಒಂದು ಡಿಗ್ರಿಗೆ, ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ತಳದ ಅಡಿಗೆ ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಗನ್ ಹಿಡಿದಾಗ 430 ಡಿಗ್ರಿ ತೋರಿಸಿತ್ತು. ಅಂದರೆ 400 ಡಿಗ್ರಿ ಏರಿಕೆ. 900 ಮಿ.ಮೀ. ಉದ್ದಕ್ಕೆ 4.3 ಮಿ.ಮೀ. ಹಿಗ್ಗಬೇಕು. ಅಷ್ಟೇನಾ ಅನ್ನಿಸುತ್ತದೆ. ನನಗೂ ಅನ್ನಿಸಿತು. ಆದರೆ ಎರಡೂ ತುದಿ ಅಲ್ಲಾಡದ ಹಾಗೆ ಕಟ್ಟಿಹಾಕಿ, ಆ 4.3 ಮಿ.ಮೀ. ಎಲ್ಲಿಗೆ ಹೋಗುತ್ತೆ ಅಂತ ಲೆಕ್ಕ ಹಾಕಿ. ಬಿಲ್ಲಿನ ಹಾಗೆ ಬಾಗಿದರೆ ನಡುವೆ ಸುಮಾರು 38 ಮಿ.ಮೀ. ಏಳುತ್ತದೆ. ನಂಬಿಕೆ ಬರದೆ ಎರಡು ಸಲ ಲೆಕ್ಕ ಮಾಡಿದೆ. ನನ್ನದು 22ಕ್ಕೆ ನಿಂತಿದ್ದು ಗೋಡೆಗಳೂ ಸ್ವಲ್ಪ ಬಿಟ್ಟುಕೊಟ್ಟಿದ್ದರಿಂದ.

ಮೇಲಕ್ಕೇ ಯಾಕೆ ಉಬ್ಬಿತು? ಕೆಂಡ ಕೂತ ಮೇಲ್ಮೈ ಜಾಸ್ತಿ ಬಿಸಿ, ಅಡಿ ಸ್ವಲ್ಪ ಕಡಿಮೆ. ಮೇಲ್ಮೈ ಜಾಸ್ತಿ ಹಿಗ್ಗುತ್ತದೆ. ತಳ ಮೇಲಕ್ಕೆ ಉಬ್ಬಿದರೆ ಅದರ ಅಂಚಿಗೆ ಬೆಸೆದ ಗೋಡೆಗಳ ತಲೆ ಹೊರಗೆ ವಾಲುತ್ತದೆ. ಒಂದು ರಟ್ಟಿನ ಡಬ್ಬಿಯ ತಳವನ್ನು ಕೆಳಗಿನಿಂದ ಒತ್ತಿ ನೋಡಿ, ಗೊತ್ತಾಗುತ್ತದೆ. ಗೋಡೆ ಹೊರಗೆ ವಾಲಿದರೆ, ಹೊರಗಿನಿಂದ ತಬ್ಬುವ ಮುಚ್ಚಳ ಸಿಕ್ಕಿಕೊಳ್ಳುತ್ತದೆ. ನಾನು ಬಿಟ್ಟಿದ್ದ ಸಡಿಲ ಒಟ್ಟು 3 ಮಿ.ಮೀ. ಗೋಡೆ ವಾಲಿದ್ದು 4. ಕಾಯಿಲೆ ತಳಕ್ಕೆ, ನಾನು ಮದ್ದು ಹಚ್ಚುತ್ತಿದ್ದದ್ದು ತಲೆಗೆ.

ಇಷ್ಟು ಗೊತ್ತಾದ ಮೇಲಾದರೂ ಸರಿಯಾದ ಕೆಲಸ ಮಾಡಬೇಕಿತ್ತು. ಮಾಡಲಿಲ್ಲ. ತಳಕ್ಕೆ ಬಲ ಸಾಲದು ಅಂತ ತೀರ್ಮಾನಿಸಿ, ಅಡಿಗೆ ಎರಡು 40 ಮಿ.ಮೀ. ಆಂಗ್ಲರ್ (L ಆಕಾರದ ಕಬ್ಬಿಣದ ಪಟ್ಟಿ) ಅಡ್ಡ ಬೆಸೆದೆ. ಬಿಗಿಯಾಗಿ, ಉದ್ದಕ್ಕೂ, ಒಂದಿಂಚೂ ಬಿಡದೆ. ವೆಲ್ಡಿಂಗ್ ಕಲಿಸಿದ ಗೆಳೆಯ ಬಂದು ನೋಡಿ ಏನೂ ಹೇಳದೆ ಟೀ ಕುಡಿದು ಹೋದ. ಅವನು ಸುಮ್ಮನಿದ್ದಾಗಲೇ ನನಗೆ ಅನುಮಾನ ಬರಬೇಕಿತ್ತು.

ಆ ದಿನದ ಬೆಂಕಿ ಮರೆಯಲಾರೆ. ಇಪ್ಪತ್ತು ನಿಮಿಷಕ್ಕೆ ಪೆಟ್ಟಿಗೆ ಟಿಕ್ ಟಿಕ್ ಅನ್ನಲು ಶುರು ಮಾಡಿತು. ನಲವತ್ತನೇ ನಿಮಿಷಕ್ಕೆ ಢಣ್ ಅಂತ ಒಂದು ಸದ್ದು. ಪಕ್ಕದ ಮನೆಯ ನಾಯಿ ಬೊಗಳಿತು. ನಾನು ಎರಡು ಹೆಜ್ಜೆ ಹಿಂದೆ ಹಾರಿದೆ. ಟಾರ್ಚ್ ಹಾಕಿ ನೋಡಿದರೆ ಹಿಂದಿನ ಮೂಲೆಯಲ್ಲಿ ತಳ ಮತ್ತು ಗೋಡೆಯ ನಡುವಿನ ವೆಲ್ಡಿಂಗ್ ಒಂದು ಗೇಣು ಉದ್ದ ಬಾಯಿ ಬಿಟ್ಟಿತ್ತು. ಪ್ಲೇಟು ಚೆನ್ನಾಗಿ ಕಾದು ಹಿಗ್ಗುತ್ತಿದೆ, ಆಂಗ್ಲರ್ ಕೆಳಗೆ ತಣ್ಣಗೆ ಕೂತು ಬಿಡಲ್ಲ ಅನ್ನುತ್ತಿದೆ. ಇನ್ನೇನಾಗಬೇಕು? ಪೂರ್ತಿ ಬಿಗಿಹಿಡಿದರೆ ಸಾದಾ ಕಬ್ಬಿಣಕ್ಕೆ ಬರೀ 100 ಡಿಗ್ರಿ ಏರಿಕೆ ಸಾಕು, ಅದು ತನ್ನ ಬಾಗುವ ಮಿತಿ ಮುಟ್ಟಿಬಿಡುತ್ತದೆ. ನಾನು ಕೊಟ್ಟದ್ದು 400. ದಪ್ಪ ಪ್ಲೇಟು ಹಾಕಿದ್ದರೆ ಇನ್ನೂ ಜೋರಾಗಿ ತಳ್ಳುತ್ತಿತ್ತು. 8 ಮಿ.ಮೀ. ಪ್ಲೇಟಿಗೆ ಆರ್ಡರ್ ಕೊಡಲು ಹೊರಟಿದ್ದೆ, ಅಂಗಡಿಯವರು ಫೋನ್ ಎತ್ತದೇ ಇದ್ದದ್ದು ನನ್ನ ಪುಣ್ಯ. ಸಾಮಾನು ಕೊಡುವವರಿಂದ ಆದ ಒಂದೇ ಒಂದು ಉಪಕಾರ ಇದು.

ಬೇಜಾರಿನಲ್ಲಿ ಬೆಂಕಿ ಆರಿಸಲೂ ಮನಸ್ಸಾಗದೆ ಸುಮ್ನೆ ಕೂತಿದ್ದೆ. ಅಭ್ಯಾಸ ಬಲದಿಂದ ಮುಚ್ಚಳ ಎಳೆದೆ. ಹಿಂದಿನ ಎಡಮೂಲೆ ಪೂರ್ತಿ ಕೂತಿತು! ಬೆಸುಗೆ ಹರಿದ ಮೂಲೆ ಅದೇ. ಉಳಿದ ಮೂರು ಮೂಲೆ ಎಂದಿನ ಹಾಗೆ ಮೇಲೆ. ಒಂದು ನಿಮಿಷ ಹಾಗೇ ನೋಡುತ್ತಾ ನಿಂತೆ. ಹರಿದ ಕಡೆ ಸರಿಯಾಗಿದೆ ಅಂದರೆ ಉಳಿದ ಕಡೆಯೂ ಹರಿದುಬಿಟ್ಟರೆ?

ಮರುದಿನ ನಾಲ್ಕು ಇಂಚಿನ ಗ್ರೈಂಡರ್ ಹಿಡಿದೆ. ಒಳಮೂಲೆಯ ವೆಲ್ಡಿಂಗ್‌ಗೆ ಡಿಸ್ಕ್ ಎಟುಕುವುದಿಲ್ಲ. ಹಾಗಾಗಿ ಪ್ಲೇಟನ್ನೇ ಅಂಚಿನಿಂದ 10 ಮಿ.ಮೀ. ಒಳಗೆ, ಸುತ್ತಲೂ ಕತ್ತರಿಸಿದೆ. ಹನ್ನೊಂದು ಕಟಿಂಗ್ ಡಿಸ್ಕ್ ಸವೆದವು. ಆಂಗ್ಲರ್ ಬಿಡಿಸಲು ಇನ್ನೂ ನಾಲ್ಕು. ಬಿಗಿಯಾಗಿ ಬೆಸೆದವನಿಗೆ ಬೈದುಕೊಂಡೇ ಕತ್ತರಿಸಿದೆ, ಅವನು ನಾನೇ ಆಗಿದ್ದರೂ. ಆಮೇಲೆ ಗೋಡೆಗಳ ಒಳಗೆ ಸುತ್ತಲೂ 25 ಮಿ.ಮೀ. ಆಂಗ್ಲರನ್ನು ಕಟ್ಟೆಯ ಹಾಗೆ ಕೂರಿಸಿದೆ. ಈ ಸಲ ಬುದ್ಧಿ ಬಂದಿತ್ತು. ಉದ್ದಕ್ಕೂ ಎಳೆಯದೆ 40 ಮಿ.ಮೀ. ಬೆಸುಗೆ, ಆಮೇಲೆ ಒಂದು ಗೇಣು ಖಾಲಿ, ಹೀಗೆ. ಒಂದು ಸಲ ಮುಂದೆ, ಒಂದು ಸಲ ಹಿಂದೆ, ಒಂದೇ ಕಡೆ ಬಿಸಿ ಕೂಡಿಕೊಳ್ಳದ ಹಾಗೆ.

ಆ ಕಟ್ಟೆಯ ಮೇಲೆ ಹಳೇ ತಳವನ್ನೇ ಇಟ್ಟೆ. ಬರೀ ಇಟ್ಟೆ, ಒಂದು ಟ್ಯಾಕ್ ಕೂಡ ಇಲ್ಲ. ಅಂಚು ಕತ್ತರಿಸಿದ್ದರಿಂದ ಪ್ಲೇಟು 880ಕ್ಕೆ 480 ಆಗಿತ್ತು. ಪೆಟ್ಟಿಗೆಯ ಒಳ ಅಳತೆ 888ಕ್ಕೆ 488. ಸುತ್ತಲೂ 4 ಮಿ.ಮೀ. ಸಂದು ತಾನಾಗಿ ಸಿಕ್ಕಿತು. ಉದ್ದಕ್ಕೆ ಬೇಕಾದದ್ದು 4.2, ಇರುವುದು 8. ಇದನ್ನು ಮೊದಲೇ ಯೋಚಿಸಿ ಮಾಡಿದೆ ಅಂತ ಹೇಳಿಕೊಳ್ಳುವ ಆಸೆ ಇದೆ, ಆದರೆ ಇಲ್ಲ.

ಒಂದು ಕಿರಿಕಿರಿ ಉಳಿದಿತ್ತು. ಪ್ಲೇಟು ತಣ್ಣಗಾದ ಮೇಲೂ ನಡುವೆ 6 ಮಿ.ಮೀ. ಉಬ್ಬು ಹಾಗೇ ಇತ್ತು. ಬಿಸಿಯಲ್ಲಿ ಸಿಕ್ಕಿಕೊಂಡು ಮೆತ್ತಗಾಗಿ ಬಾಗಿದ್ದು ತಣಿದ ಮೇಲೆ ಪೂರ್ತಿ ವಾಪಸ್ ಬರುವುದಿಲ್ಲ. ಪ್ರತಿ ಬೆಂಕಿಗೂ ಇಷ್ಟಿಷ್ಟು ಕೂಡಿಕೊಂಡಿತ್ತು. ಗ್ಯಾಸ್ ಟಾರ್ಚ್‌ನಲ್ಲಿ ಉಬ್ಬಿನ ತಲೆಯನ್ನು ಚುಕ್ಕಿ ಚುಕ್ಕಿಯಾಗಿ ಕಾಯಿಸಿ ತಣಿಸುವ ವಿದ್ಯೆ ಇದೆ, ಗೊತ್ತು. ಅರ್ಧ ದಿನ ಪ್ರಯತ್ನಿಸಿದೆ. ಉಬ್ಬು ಒಂದು ಇದ್ದದ್ದು ಎರಡಾಯಿತು. ಸಾಕಾಗಿ ಪ್ಲೇಟನ್ನು ಮಗುಚಿ ಹಾಕಿದೆ. ಈಗ ತಣ್ಣಗಿದ್ದಾಗ ತಳ ಸ್ವಲ್ಪ ತಗ್ಗು, ಬಿಸಿಯಾದಾಗ ಮೇಲೆದ್ದು ಹೆಚ್ಚುಕಡಿಮೆ ಮಟ್ಟ. ಕೆಂಡ ಉರುಳುವುದಿಲ್ಲ. ಇದಕ್ಕೆ ಇಂಜಿನಿಯರಿಂಗ್ ಅನ್ನಬೇಕೋ ಸೋಮಾರಿತನ ಅನ್ನಬೇಕೋ ನೀವೇ ಹೇಳಿ.

ಈ ಮಧ್ಯೆ ಆ ಹನ್ನೊಂದು ಡಿಸ್ಕ್ ಸವೆಸುವಾಗ ತಲೆಯಲ್ಲಿ ಓಡುತ್ತಿದ್ದದ್ದು, ಆಹಾರ ಚುಚ್ಚಿ ಕೆಂಡದ ಮೇಲೆ ಸುತ್ತಿಸುವ, ತಿರುಗುವ ಸಲಾಕೆ. ಮೂಲೆಯಲ್ಲಿ ಹಳೇ ಕಾರಿನ ವೈಪರ್ ಮೋಟರ್ ಬಿದ್ದಿದೆ, 12 ವೋಲ್ಟಿನದು. ಬಲ ಸಖತ್ತಾಗಿದೆ, ವೇಗ ಮಾತ್ರ ಜಾಸ್ತಿ. ನಿಧಾನದ ತಂತಿಗೆ ಕೊಟ್ಟರೂ ನಿಮಿಷಕ್ಕೆ ನಲವತ್ತು ಸುತ್ತಿನ ಹತ್ತಿರ. ನನಗೆ ಬೇಕಿರುವುದು ನಾಲ್ಕೈದು. ಸೈಕಲ್ ಚೈನು, ಒಂದು ಚಿಕ್ಕ ಹಲ್ಲುಚಕ್ರ, ಒಂದು ದೊಡ್ಡದು, ಎರಡು ಹಂತದಲ್ಲಿ ಇಳಿಸಿದರೆ ಆಗಬೇಕು. ಮೂರಕ್ಕೆ ಒಂದರಂತೆ ಎರಡು ಸಲ, ಒಂಬತ್ತಕ್ಕೆ ಒಂದು. ಎದುರು ತೂಕ ಇಡದಿದ್ದರೆ ಸಲಾಕೆ ಅರ್ಧ ಸುತ್ತು ಏದುಸಿರು ಬಿಡುತ್ತಾ ಏರಿ, ಇನ್ನರ್ಧ ಸುತ್ತು ಧೊಪ್ಪೆಂದು ಬೀಳುತ್ತದೆ. ಜಾರುವ ತೂಕಕ್ಕೆ ಬಿಡಿಸಿದ ಆ ಆಂಗ್ಲರ್ ತುಂಡುಗಳೇ ಆದವು. ನೋಡಿ, ಬಿಗಿಯಾಗಿ ಬೆಸೆದದ್ದು ವ್ಯರ್ಥವಾಗಲಿಲ್ಲ.

ಸರಿ, ನಿನ್ನೆ ರಾತ್ರಿಗೆ ಬರೋಣ. ಮೊದಲು ಮುಚ್ಚಳದ ಥರ್ಮಾಮೀಟರನ್ನು ಕುದಿಯುವ ನೀರಿನಲ್ಲಿ ಅದ್ದಿದೆ. 118 ತೋರಿಸಿತು. ಅಂದರೆ ಹಿಂದೆ ಕಂಡ 260 ಕೂಡ ನಿಜವಾದ 260 ಅಲ್ಲ. ಹಿಂದಿರುವ ಚಿಕ್ಕ ನಟ್ಟು ತಿರುಗಿಸಿ ನೂರಕ್ಕೆ ತಂದೆ. ಎತ್ತರದ ಜಾಗದಲ್ಲಿರುವವರು ಸ್ವಲ್ಪ ಕೆಳಗೆ ಇಡಿ, ನೀರು ಅಲ್ಲಿ ನೂರಕ್ಕೆ ಮೊದಲೇ ಕುದಿಯುತ್ತದೆ. ಆಮೇಲೆ ಇದ್ದಿಲು ಹಚ್ಚಿದೆ. ಅರ್ಧ ಗಂಟೆ ಆಯಿತು. ಟಿಕ್ ಟಿಕ್ ಇಲ್ಲ. ಮುಚ್ಚಳ ಎಳೆದೆ, ತಣ್ಣಗಿದ್ದಾಗಿನ ಹಾಗೇ ಜಾರಿ ಕೂತಿತು. ಎತ್ತಿದೆ, ಮತ್ತೆ ಕೂರಿಸಿದೆ. ಸುಮ್ನೆ ಹತ್ತು ಸಲ ಹೀಗೇ ಮಾಡಿದೆ. ಕೆಳಗಿನ ಕಂಡಿ ಒಂದು ಬೆರಳು ಬಿಟ್ಟರೆ ಮುಳ್ಳು 120ಕ್ಕೂ 130ಕ್ಕೂ ನಡುವೆ ಮೂರು ಗಂಟೆ ನಿಂತಿತು. ಕಂಡಿ ಮುಚ್ಚಿದರೆ ಇಳಿಯಿತು, ತೆಗೆದರೆ ಏರಿತು. ಹೇಳಿದ ಮಾತು ಕೇಳುವ ಗ್ರಿಲ್!

ತಳದ ಸಂದಿಯಿಂದ ಗಾಳಿ ನುಗ್ಗುತ್ತದೆ ಅನ್ನುವ ಭಯ ಇತ್ತು. ಮೊದಲ ಅರ್ಧ ಗಂಟೆ ಸ್ವಲ್ಪ ನುಗ್ಗಿತು, ಆಮೇಲೆ ಬೂದಿ ಬಿದ್ದು ಸಂದು ತುಂಬಿಕೊಂಡಿತು. ಇದರಲ್ಲೂ ಒಂದು ತಕರಾರಿದೆ. ಬೂದಿ ಒದ್ದೆಯಾದರೆ ಕಬ್ಬಿಣವನ್ನು ತಿನ್ನುತ್ತದೆ, ಗಟ್ಟಿಯಾಗಿ ಕೂತರೆ ಪ್ಲೇಟಿಗೆ ಹಿಗ್ಗುವ ಜಾಗವೂ ಹೋಗುತ್ತದೆ. ಪ್ರತಿ ಸಲ ತಳ ಎತ್ತಿ ಗುಡಿಸಬೇಕು. ಬೆಸೆದಿಲ್ಲವಲ್ಲ, ಎತ್ತಬಹುದು. ತೂಕ ಹತ್ತೊಂಬತ್ತು ಇಪ್ಪತ್ತು ಕಿಲೋ, ಅಷ್ಟೇ.

ಇನ್ನು ಸರಳುಗಳಿಗೆ ಎಣ್ಣೆ ಸವರಿ ಕಾಯಿಸುವುದು, ಬಿಸಿ ತಡೆಯುವ ಪೇಂಟು, ಹಿಡಿಗೆ ಮರ, ಇವು ಬಾಕಿ. ಆಮೇಲೆ ಚಕ್ರ. ಇಡೀ ಗ್ರಿಲ್ ಈಗ ನೂರು ಕಿಲೋ ದಾಟಿದೆ. ನಿನ್ನೆ ಖುಷಿಯಲ್ಲಿ ಅದನ್ನು ಗೋಡೆಯ ಕಡೆ ತಳ್ಳಲು ಹೋದೆ, ಮುಂದಿನ ಎಡ ಚಕ್ರದ ರಬ್ಬರು ಬಿಸಿಗೆ ಮೆತ್ತಗಾಗಿ ನೆಲಕ್ಕೆ ಅಂಟಿಕೊಂಡಿತ್ತು. ಚಕ್ರ ಕೊಟ್ಟವರು "200 ಕಿಲೋ ಹೊರುತ್ತೆ" ಅಂತ ಹೇಳಿದ್ದರು. ಹೊತ್ತಿದೆ, ಸುಳ್ಳೇನಲ್ಲ. ಉರುಳುತ್ತೆ ಅಂತ ಅವರು ಹೇಳಿರಲಿಲ್ಲ.