ಅಣೆಕಟ್ಟಿನೊಳಗೆ ಮುಳುಗಿದ ಅಣೆಕಟ್ಟು

ಹುಟ್ಟು ಏನಕ್ಕೋ ಟಕ್ಕೆಂದು ಬಡಿಯಿತು. ಶರಾವತಿ ಹಿನ್ನೀರಿನ ಹೊನ್ನೆಮರಡಿನ ದಡ ಬಿಟ್ಟು ಅರ್ಧ ಗಂಟೆಯಾಗಿತ್ತು, ಸುತ್ತಲೂ ನೀರೇ ನೀರು. ಬಗ್ಗಿ ನೋಡಿದರೆ ಗೇಣು ಆಳದಲ್ಲಿ ಕಪ್ಪನೆಯ ಮರದ ಬೊಡ್ಡೆ. ಅದರಾಚೆ ಇನ್ನೊಂದು, ಮತ್ತೊಂದು. ಕಾಡಿನ ನೆತ್ತಿಯ ಮೇಲೆ ಕಯಾಕ್ ನಡೆಸುತ್ತಿದ್ದೇವೆ ಎಂದು ಹೊಳೆದದ್ದೇ ತಂಗಿಯೂ ನಾನೂ ಹುಟ್ಟು ಎತ್ತಿ ಸುಮ್ಮನೆ ಕೂತುಬಿಟ್ಟೆವು.

ಲಿಂಗನಮಕ್ಕಿಯಲ್ಲಿ ಶರಾವತಿಗೆ ಅಡ್ಡಗಟ್ಟೆ ಮುಗಿದದ್ದು 1964ರಲ್ಲಿ. ಭರ್ತಿಯಾದಾಗ ನೀರಿನ ಮಟ್ಟ ಸಮುದ್ರಕ್ಕಿಂತ 1819 ಅಡಿ ಎತ್ತರ, ಸಂಗ್ರಹ ಸುಮಾರು 151 ಟಿಎಂಸಿ. ನಾವು ಹೋದದ್ದು ಮೇ ಕೊನೆಯಲ್ಲಿ. ಹಿನ್ನೀರು ತೀರ ಹಿಂದೆ ಸರಿದು, ಮಳೆಗಾಲದಲ್ಲಿ ದ್ವೀಪಗಳಾಗುವ ದಿಬ್ಬಗಳೆಲ್ಲ ಕೆಂಪು ಮಣ್ಣಿನ ಸೊಂಟ ತೋರಿಸುತ್ತ ನಿಂತಿದ್ದವು. ಹರಿಗೋಲು, ಕಯಾಕ್, ಈಜು, ಇಷ್ಟೇ ಇಲ್ಲಿಯ ಆಟ. ಎಂಜಿನ್ ಸದ್ದಿಲ್ಲದ ನೀರು ನನಗೆ ಬಹಳ ಇಷ್ಟ. ಎದುರಿನ ದಡದಲ್ಲಿ ಯಾರೋ ಸ್ಪೀಕರ್ ಹಚ್ಚಿದ್ದರು, ಆ ಹಾಡು ನೀರಿನ ಮೇಲೆ ಜಾರಿಕೊಂಡು ರಾತ್ರಿಯವರೆಗೂ ಬರುತ್ತಲೇ ಇತ್ತು. ಇಂಥ ಜಾಗಕ್ಕೆ ಬಂದು ಅದನ್ನು ಕೇಳಬೇಕೇ?

ಮರುದಿನ ಜೋಗ ನೋಡಿದೆವು. ಬೇಸಿಗೆಯ ಜೋಗದಲ್ಲಿ ಬಂಡೆ ಜಾಸ್ತಿ.

ಮೂರನೆಯ ದಿನ ಸಿಗಂದೂರು ದಾರಿ ಹಿಡಿದು ಮಡೆನೂರು ಅಣೆಕಟ್ಟಿಗೆ ಹೊರಟೆವು. ಲಿಂಗನಮಕ್ಕಿಗೂ ಹಿಂದಿನ ಈ ಕಟ್ಟೆಗೆ ಹಿರೇಭಾಸ್ಕರ ಎಂಬ ಹೆಸರೂ ಇದೆ. ಜೋಗದ ಮೊದಲ ವಿದ್ಯುದಾಗಾರಕ್ಕೆ ನೀರು ಕೊಟ್ಟದ್ದು ಇದೇ. ಆಮೇಲೆ ಬಂದ ದೊಡ್ಡ ಕಟ್ಟೆಯ ನೀರಲ್ಲಿ ತಾನೇ ಮುಳುಗಿತು. ಪ್ರತಿ ವರ್ಷ ಕಾಣುವುದಿಲ್ಲ, ಮಟ್ಟ ತೀರ ಇಳಿದ ಬೇಸಿಗೆಯಲ್ಲಷ್ಟೇ ಮೇಲೇಳುತ್ತದೆ.

ಅಲ್ಲಿಗೆ ಹೋಗುವವರಿಗೆ ಒಂದು ಮಾತು. ಒಡೆದು ಬಿರಿದ ಮಣ್ಣನ್ನು ನಂಬಬೇಡಿ. ಮೇಲೆ ಹೆಂಚಿನಂತೆ ಗಟ್ಟಿ, ಕೆಳಗೆ ಕೆಸರು. ಹತ್ತಿರದ ದಾರಿಯೆಂದು ಕೆರೆಯಂಗಳಕ್ಕೆ ಇಳಿದೆ, ಮೊಣಕಾಲಿನವರೆಗೆ ಹೂತೆ. ತಂಗಿ ದುಪಟ್ಟಾ ಎಸೆದು ಎಳೆದಳು, ಕಾಲು ಬಂತು, ಶೂ ಬರಲಿಲ್ಲ. ಉಳಿದ ದಾರಿಯನ್ನು ಕಾದ ಕಲ್ಲಿನ ಮೇಲೆ ಒಂದೇ ಶೂನಲ್ಲಿ ನಡೆದೆ. ಅಂಗಾಲಿನ ಬೊಬ್ಬೆ ಆರಲು ವಾರ ಹಿಡಿಯಿತು. ದನ ನಡೆದು ಸವೆದ ಜಾಡಿನಲ್ಲೇ ಹೋಗಿ, ಸುತ್ತಾದರೂ ಸರಿ.

ಅಣೆಕಟ್ಟು ಕಂಡಾಗ ನೋವು ಮರೆತೆ. ಕಲ್ಲಿನ ಗೋಡೆ ಇನ್ನೂ ನೆಟ್ಟಗಿದೆ. ಅದಕ್ಕೆ ತಾಗಿ ದೊಡ್ಡ ದೊಡ್ಡ ದುಂಡು ಸೈಫನ್‌ಗಳು. ಗಣೇಶ ಅಯ್ಯರ್ ಎಂಬ ಎಂಜಿನಿಯರರ ಕಲ್ಪನೆ ಅದು. ನೀರು ಅಂಚು ಮೀರಿದರೆ ಆಲಿಕೆಯಂಥ ಬಾಯಿಯಲ್ಲಿ ಸುಳಿಸುತ್ತಿ ಇಳಿಯುತ್ತದೆ, ಆ ಸುಳಿ ಒಳಗಿನ ಗಾಳಿಯನ್ನು ಎಳೆದೊಯ್ಯುತ್ತದೆ, ಕೊಳವೆ ತಾನಾಗಿಯೇ ನೀರು ಹೀರತೊಡಗುತ್ತದೆ. ಗೇಟು ಎತ್ತಲು ಯಾರೂ ಬೇಡ. ಅಷ್ಟು ಚೆಂದದ ಕೆಲಸ ವರ್ಷದ ಬಹುಭಾಗ ಮೀನಿಗಷ್ಟೇ ಕಾಣುತ್ತದೆ.

ಗೋಡೆಯ ನೆರಳಿನಲ್ಲಿ ಒಬ್ಬ ಯಜಮಾನರು ಕೂತಿದ್ದರು. ನನ್ನ ಬರಿಗಾಲು ನೋಡಿ ನೀರಿನ ಬಾಟಲಿ ಕೊಟ್ಟರು.

"ಎಲ್ಲಿಂದ ಬಂದದ್ದು?"

"ಬೆಂಗಳೂರಿಂದ. ಮೊನ್ನೆ ಹೊನ್ನೆಮರಡಿನಲ್ಲಿ ದೋಣಿ ನಡೆಸಿದ್ವಿ. ನಿಮ್ಮೂರು ಇಲ್ಲೇನಾ?"

"ಇಲ್ಲೇ ಇತ್ತು," ಎಂದು ನೀರಿನ ಕಡೆ ಕೈ ತೋರಿಸಿದರು. "ಮುಳುಗಡೆ ಆಗುವಾಗ ನಂಗೆ ಏಳು ವರ್ಷ. ಲಾರಿ ಬಂತು. ಪಾತ್ರೆ, ಒರಳು, ಬಾಗಿಲು ದಾರಂದ ಎಲ್ಲಾ ಹೇರಿದ್ರು. ದನ ಹಿಡಿಯೂದಿಲ್ಲ ಅಂದ್ರು. ಅಪ್ಪಯ್ಯ ಕಣ್ಣಿ ಬಿಚ್ಚಿ ಬಿಟ್ರು."

"ಆಮೇಲೆ?"

"ಕಾಡಲ್ಲಿ ಇಳಿಸಿದ್ರು. ಕಡಿದು ಗದ್ದೆ ಮಾಡ್ಕೊಳ್ಳಿ ಅಂದ್ರು, ಮಾಡ್ಕೊಂಡ್ವಿ. ಹಕ್ಕುಪತ್ರ ಇನ್ನೂ ಬರ್ಲಿಲ್ಲ ಮಾರಾಯ್ರೇ. ಅಪ್ಪಯ್ಯ ಅರ್ಜಿ ಹಾಕಿ ಹಾಕಿ ಹೋದ್ರು. ಈಗ ನಾ ಹಾಕ್ತಾ ಇದ್ದೆ."

ಶರಾವತಿ ಮುಳುಗಡೆಯವರ ಭೂಮಿ ಹಕ್ಕಿನ ವಿಷಯ ಪತ್ರಿಕೆಯಲ್ಲಿ ಎಷ್ಟೋ ಸಲ ಓದಿದ್ದೆ. ಪುಟ ಮಗುಚಿದ್ದೆ. ಈಗ ಮಗುಚಲು ಪುಟವಿರಲಿಲ್ಲ. ಅವರ ಊರಿನ ನೀರಲ್ಲಿ ತಿರುಗಿದ 1035 ಮೆಗಾವಾಟ್ ಯಂತ್ರಗಳ ವಿದ್ಯುತ್ತಿನಲ್ಲೇ ನಾನು ಓದಿ ಬೆಳೆದವಳು.

ಮಟ್ಟ ಇಳಿದ ವರ್ಷವೆಲ್ಲ ಅವರು ಬರುತ್ತಾರಂತೆ, ಮನೆಯ ಬಾವಿಕಟ್ಟೆ ಎದ್ದಿದೆಯೇ ನೋಡಲು. ಈ ಸಲ ಇನ್ನೂ ಎದ್ದಿರಲಿಲ್ಲ.

"ಹೊನ್ನೆಮರಡಿನಿಂದ ಹರಿಗೋಲು ಕೇಳಿ ತರೋಣವಾ?" ಎಂದಳು ತಂಗಿ. "ಬಾವಿಯ ಹತ್ತಿರದವರೆಗೂ ಹೋಗಿ ಬರಬಹುದು."

ಅವರು ಅವಳನ್ನೇ ನೋಡಿದರು, ಪ್ರೀತಿಯಿಂದಲೇ.

"ನಡ್ಕೊಂಡು ನೀರು ತರ್ತಿದ್ದ ಜಾಗ ಅದು ತಂಗೀ. ದೋಣೀಲಿ ಹೆಂಗೆ ಹೋಗೂದು?"

ಹೊತ್ತು ಇಳಿಯುತ್ತಿತ್ತು. ಅವರೇ ಮುಂದೆ ನಡೆದು, ಎಲ್ಲಿ ಕೆಸರು ಎಲ್ಲಿ ಗಟ್ಟಿ ನೆಲ ಎಂದು ಕೋಲಿನಿಂದ ಕುಟ್ಟಿ ತೋರಿಸುತ್ತ, ನಮ್ಮನ್ನು ರಸ್ತೆ ಹತ್ತಿಸಿದರು. ಅದು ಹಳೆಯ ಗಾಡಿದಾರಿಯಂತೆ. ಎರಡೂ ಬದಿಗೆ ಬೊಡ್ಡೆಗಳು ಸಾಲಾಗಿ ನಿಂತಿದ್ದವು.

"ಮಾವಿನ ಮರ ಇವು," ಎಂದರು. "ಇದು ಉಪ್ಪಿನಕಾಯಿ ಮಿಡಿದು. ಅದು ಹಣ್ಣಿಂದು."